ಹಿಡಿದದ್ದನ್ನು ಬಿಟ್ಟ ನಾಯಿ

ನಾನು ಮದುವೆಯಾಗಿ ಮಾಕಳಿಯಿಂದ ಅಲ್ಲಾಳಸಂದ್ರಕ್ಕೆ ಬಂದ ಹೊಸದರಲ್ಲಿ ನಮ್ಮ ಮಾವನವರು ನನ್ನ ಜೊತೆ ಮಾತಾಡುತ್ತಿದ್ದದ್ದು ಕಂಬದ ಮೂಲಕ. ಸೊಸೆಯ ಮುಖ ನೋಡಿ ಮಾವ ಮಾತಾಡಬಾರದು, ಮಾವನ ಎದುರು ಸೊಸೆ ದನಿ ಎತ್ತಬಾರದು, ಅದು ಅವರ ಕಾಲದ ಮರ್ಯಾದೆ. ಬೇರೆ ಮನೆಗಳಲ್ಲಿ ಅತ್ತೆಯೋ ಮಕ್ಕಳೋ ನಡುವೆ ನಿಂತು ಮಾತು ದಾಟಿಸುತ್ತಿದ್ದರು. ನಮ್ಮ ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು, ನಮಗೆ ಮಕ್ಕಳು ಇನ್ನೂ ಆಗಿರಲಿಲ್ಲ. ಹಾಗಾಗಿ ಯಜಮಾನರು ಕೆಲಸಕ್ಕೆ ಹೊರಟ ಮೇಲೆ ಮಾವ ಜಗಲಿಯಲ್ಲಿ ಕೂತು ಕಂಬದ ಕಡೆ ತಿರುಗಿ, "ಬಿಸ್ನೀರು ಕಾದಿದ್ರೆ ಒಂದು ಚೊಂಬು ಬೇಕಿತ್ತು" ಅನ್ನುವರು. ನಾನು ಚೊಂಬು ತಂದು ಹೊಸಿಲ ಹತ್ತಿರ ಇಟ್ಟು ಒಳಗೆ ಸರಿದುಬಿಡುವೆ. ತವರಲ್ಲಿ ವಾಚಾಳಿ ಅನ್ನಿಸಿಕೊಂಡಿದ್ದ ನನಗೆ ಆ ಮನೆಯ ಹಗಲು ಹೇಗೆ ಕಳೆಯುತ್ತಿತ್ತೋ ನನಗೇ ಗೊತ್ತು.

ಅರವತ್ತರ ದಶಕ ಆಗ ತಾನೇ ಶುರುವಾಗಿತ್ತು. ನಮ್ಮ ಯಜಮಾನರು ಯಶವಂತಪುರದ ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಗುಮಾಸ್ತರು. ಅಲ್ಲಿ ಅವರಿಗೆ ಪರಿಚಯವಿದ್ದ ಒಬ್ಬ ಆಂಗ್ಲೋ ಇಂಡಿಯನ್ ಇಂಜಿನ್ ಡ್ರೈವರು ಸಂಸಾರ ಸಮೇತ ಆಸ್ಟ್ರೇಲಿಯಾಕ್ಕೆ ಹೊರಟಿದ್ದ. ಹೋಗುವಾಗ ತನ್ನ ನಾಯಿಯನ್ನು ಇವರ ಕೈಗಿಟ್ಟು, "ಹುಷಾರ್ ಮ್ಯಾನ್, ಇದು ಹಿಡಿದ್ರೆ ಬಿಡಲ್ಲ" ಅಂದನಂತೆ. ಹಾಗೆ ಬುಲ್ ಟೆರಿಯರ್ ಅನ್ನುವ ಜಾತಿ ನಮ್ಮ ಊರಿಗೆ ಬಂತು.

ಅಚ್ಚ ಬಿಳಿ ಬಣ್ಣ. ಹಣೆಗೂ ಮೂಗಿಗೂ ನಡುವೆ ತಗ್ಗೇ ಇಲ್ಲ, ಸೋರೆಕಾಯಿಗೆ ಎರಡು ಕಣ್ಣು ಇಟ್ಟ ಹಾಗಿತ್ತು ಮುಖ. ಮಾವ ಅದನ್ನು ಸುತ್ತು ಹಾಕಿ ನೋಡಿ, "ಏನ್ಲಾ ಇದು, ಅಂದಿನೋ ನಾಯಿನೋ?" ಎಂದು, ಆಗಾಗ ಹಕಾರ ನುಂಗುವ ತಮ್ಮ ಮಾತಿನಲ್ಲಿ ಮಗನನ್ನು ಕೇಳಿದರು. ಅದಕ್ಕೊಂದು ಇಂಗ್ಲಿಷ್ ಹೆಸರಿತ್ತು, ಮಾವನ ನಾಲಿಗೆಗೆ ಅದು ಹೊರಳಲಿಲ್ಲ. ಅವರು "ಲೇ" ಅಂದರು, ಅದೇ ನಿಂತಿತು.

ಒಂದು ದಿನ ಊಟಕ್ಕೆ ಕೂತ ಮಾವ, ಹೊಸಿಲ ಹತ್ತಿರ ಮಲಗಿದ್ದ ನಾಯಿಯ ಕಡೆ ತಿರುಗಿ, "ಲೇ, ಸಾರಿಗೆ ಉಪ್ಪು ಸಾಲ್ದು ಅಂತ ಏಳು" ಅಂದರು. ನಾಯಿ ಎದ್ದು ಸೀದಾ ಒಲೆಯ ಹತ್ತಿರ ಬಂದು ನನ್ನ ಮುಖ ನೋಡುತ್ತಾ ನಿಂತಿತು. ನನಗೆ ನಗು ತಡೆಯಲಾಗಲಿಲ್ಲ. "ತರ್ತಾಳಂತೆ ಅಂತ ಹೇಳು" ಎಂದೆ. ಅದು ವಾಪಸ್ ಹೋಯಿತು. ಅಲ್ಲಿಂದ ಆಚೆ ನಮ್ಮ ಮನೆಯಲ್ಲಿ ಮಾತು ಶುರುವಾಯಿತು. "ಲೇ, ಕೆರೆ ಕೋಡಿ ಬಿತ್ತಂತೆ, ಏಳು." "ಮಾಕಳಿ ಕಡೆ ಮಳೆ ಹೆಂಗೆ ಅಂತ ಕೇಳು." ನಾನೂ ಒಳಗಿನಿಂದಲೇ ನಾಯಿಗೆ ಹೇಳುವ ಹಾಗೆ ತವರಿನ ಸುದ್ದಿಯನ್ನೆಲ್ಲ ಹೇಳುತ್ತಿದ್ದೆ. ಮಧ್ಯೆ ಕೂತ ನಾಯಿ ಇತ್ತ ಒಮ್ಮೆ ಅತ್ತ ಒಮ್ಮೆ ತಲೆ ತಿರುಗಿಸುತ್ತಿತ್ತು. ಮಾವ ಒಳ್ಳೆಯ ಮಾತುಗಾರರು ಎಂದು ನನಗೆ ತಿಳಿದದ್ದೇ ಹಾಗೆ.

ನಮ್ಮ ಯಜಮಾನರಿಗೆ ಇದ್ದದ್ದು ಬೇರೆಯೇ ಹುಚ್ಚು. ದಂಡಿನ ಮೈದಾನದಲ್ಲಿ ವರ್ಷಕ್ಕೊಮ್ಮೆ ಕೆಲಸದ ನಾಯಿಗಳ ಪಂದ್ಯ ನಡೆಯುತ್ತಿತ್ತು. ನಾಯಿ ತನ್ನ ಒಡೆಯನ ಕಾಲಿಗೆ ಅಂಟಿಕೊಂಡು ನಡೆಯಬೇಕು, ಹೇಳಿದ ಜಾಗದಲ್ಲಿ ಅಲ್ಲಾಡದೆ ಕೂರಬೇಕು, ಹಲಗೆಯ ಗೋಡೆ ಹಾರಬೇಕು. ಕೊನೆಯಲ್ಲಿ, ತೋಳಿಗೆ ದಪ್ಪ ಗೋಣಿ ಸುತ್ತಿಕೊಂಡು ಓಡುವವನನ್ನು ಅಟ್ಟಿಸಿಕೊಂಡು ಹೋಗಿ ಆ ತೋಳನ್ನು ಹಿಡಿಯಬೇಕು, ಬಿಡು ಎಂದ ಕೂಡಲೇ ಬಿಡಬೇಕು. ಇವರು ಬೆಳಗ್ಗೆ ಡ್ಯೂಟಿಗೆ ಹೊರಡುವ ಮೊದಲು ಹಿತ್ತಲ ಹೊಂಗೆ ಮರದ ಕೆಳಗೆ ಇದನ್ನೆಲ್ಲ ಕಲಿಸುವರು. ಕೊಂಬೆಗೆ ಗೋಣಿಚೀಲ ತೂಗುಹಾಕಿದರೆ ನಾಯಿ ಹಾರಿ ಅದನ್ನು ಕಚ್ಚಿ, ನಾಲ್ಕು ಕಾಲೂ ನೆಲ ಬಿಟ್ಟು, ಹಲಸಿನ ಹಣ್ಣು ಜೋತ ಹಾಗೆ ಜೋಲುತ್ತಿತ್ತು. ನಾನು ಅಂಗಳ ಗುಡಿಸಿ, ರಂಗೋಲಿ ಇಟ್ಟು, ಕಾಫಿಗೆ ನೀರಿಟ್ಟು ಬಂದು ನೋಡಿದರೂ ಅದು ಹಾಗೇ ಜೋಲುತ್ತಿತ್ತು, ಕಣ್ಣು ಮುಚ್ಚಿಕೊಂಡು, ಸುಖವಾಗಿ. ನಾಯಿಯೆಂದರೆ ಅಂಗಳದಾಚೆ ಇರಬೇಕಾದ ಪ್ರಾಣಿ ಎಂದು ನಂಬಿಕೊಂಡು ಬಂದಿದ್ದ ನಾನು ಪೊರಕೆ ಹಿಡಿದುಕೊಂಡೇ ಬೆರಗಾಗಿ ನಿಂತುಬಿಡುತ್ತಿದ್ದೆ. ಅಷ್ಟು ಚಿಕ್ಕ ಮೈಯಲ್ಲಿ ಅಷ್ಟು ಹಟವನ್ನು ತುಂಬಿದ್ದು ಯಾರು?

ಪಂದ್ಯಕ್ಕೆ ನಾನೂ ಹೋಗಿದ್ದೆ. ಪೊಲೀಸರ ಅಲ್ಸೇಷಿಯನ್‌ಗಳು, ಮಿಲಿಟರಿ ಅಧಿಕಾರಿಗಳ ಠೀವಿಯ ನಾಯಿಗಳು. ನಮ್ಮದು ಮೈದಾನಕ್ಕೆ ಇಳಿದಾಗ ಜನ ನಕ್ಕರು. ಅದು ಹಲಗೆಯ ಗೋಡೆಯ ಮುಂದೆ ಒಂದು ಗಳಿಗೆ ನಿಂತು, ಕುಪ್ಪಳಿಸಿ, ಮುಂಗಾಲನ್ನು ಅಂಚಿಗೆ ಕೊಕ್ಕೆಯ ಹಾಗೆ ಹಾಕಿ, ಮೈಯನ್ನು ಎತ್ತಿ ಆಚೆ ಒಗೆದುಕೊಂಡಾಗ ನಗು ನಿಂತಿತು. ಆಮೇಲೆ ಗೋಣಿ ತೋಳಿನವನು ಓಡಿದ, ಇದು ಹಿಡಿಯಿತು. ಹಿಡಿದದ್ದು ಹಿಡಿಯಿತು.

"ಲೀವ್!" ಎಂದು ನಮ್ಮ ಯಜಮಾನರು ಕೂಗಿದರು. ಮತ್ತೂ ಕೂಗಿದರು. ಇಂಗ್ಲಿಷ್ ಮುಗಿದು, "ಬಿಡೋ! ಬಿಡೋ ಲೇ!" ಎಂದು ಕನ್ನಡಕ್ಕೆ ಬಂದರು. ಇಬ್ಬರು ಬಂದು ಎಳೆದರು, ಒಬ್ಬ ಬೆತ್ತದಲ್ಲಿ ಬಾರಿಸಿದ. ಎಳೆದಷ್ಟೂ ಹೊಡೆದಷ್ಟೂ ಅದು ಬಿಗಿ ಹಿಡಿಯಿತು, ಬಾಲ ಮಾತ್ರ ಸಂತೋಷದಿಂದ ಆಡುತ್ತಲೇ ಇತ್ತು. ಕೊನೆಗೆ ಆ ಮನುಷ್ಯ ಗೋಣಿಯೊಳಗಿಂದ ತೋಳನ್ನು ಕಳಚಿಕೊಂಡು ನಡೆದುಬಿಟ್ಟ. ನಮ್ಮ ನಾಯಿ ಖಾಲಿ ಗೋಣಿಯನ್ನು ಕಚ್ಚಿಕೊಂಡು ಮೈದಾನವನ್ನೆಲ್ಲ ಮೆರವಣಿಗೆ ಸುತ್ತಿತು. ತೀರ್ಪುಗಾರರು ಅದನ್ನು ಪಂದ್ಯದಿಂದ ತೆಗೆದುಹಾಕಿದರು.

ಮನೆಗೆ ಬಂದ ಮೇಲೆ ಇವರಿಗೆ ಅವಮಾನ ನುಂಗಲಾಗಲಿಲ್ಲ. ಊಟದ ಹೊತ್ತಿನಲ್ಲಿ ಅಪ್ಪನ ಮುಂದೆ ನಾಯಿಯ ಪರ ವಕಾಲತ್ತು ಶುರು ಮಾಡಿದರು. "ಅದರ ತಪ್ಪಲ್ಲ ಅಪ್ಪ. ಅದರ ರಕ್ತವೇ ಅಂಥಾದ್ದು. ಇದರ ಮುತ್ತಾತಂದಿರು ಇಂಗ್ಲೆಂಡಲ್ಲಿ ಗೂಳಿ ಜೊತೆ ಕಾದಾಡೋವಂತೆ. ಮೂತಿ ಕಚ್ಚಿ ಜೋತುಬಿದ್ರೆ ಅಂಥಾ ಗೂಳಿನೇ ಮಂಡಿ ಊರ್ತಿತ್ತಂತೆ!"

ಹಳ್ಳಿಕಾರ್ ಎತ್ತಿನ ಜೋಡಿಯನ್ನು ಮಕ್ಕಳಿಗಿಂತ ಹೆಚ್ಚಾಗಿ ಸಾಕಿದವರ ಮುಂದೆ ಆಡುವ ಮಾತೇ ಅದು? ನಾನು ಒಳಗೆ ಹಣೆ ಚಚ್ಚಿಕೊಂಡೆ. ಮಾವ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದರು. ಮಗನ ಕಡೆ ನೋಡಲೇ ಇಲ್ಲ, ನಾಯಿಯ ಕಡೆ ತಿರುಗಿದರು.

"ಲೇ, ನನ್ನ ಎತ್ತಿನ ಮೂತಿಗೆ ನೀನು ಬಾಯಾಕಿದ್ ದಿನ ಈ ಮನೆ ಋಣ ತೀರ್ತು ಅಂತ ತಿಳ್ಕೋ. ಏಳಿದ್ದೀನಿ."

ಮಾವ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡವರಲ್ಲ. ನಾಯಿ ಹೋದರೆ ಇವರಿಗೆ ಪಂದ್ಯ ಹೋಗುತ್ತಿತ್ತು, ಅಷ್ಟೇ. ನಾನು ಮತ್ತೆ ಕಂಬದ ಪಾಲಾಗುತ್ತಿದ್ದೆ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ದಾರಿ ತೋರಿಸಿದ್ದು ಒಂದು ಒದ್ದೆ ಸೀರೆ. ಒಗೆಯುವ ಕಲ್ಲಿನ ಹತ್ತಿರ ನಾನು ಸೀರೆ ಹಿಂಡುತ್ತಿದ್ದಾಗ ನಾಯಿ ಬಂದು ಇನ್ನೊಂದು ತುದಿಯನ್ನು ಹಿಡಿದುಬಿಟ್ಟಿತು. ಮಾವ ಜಗಲಿಯಲ್ಲೇ ಎಲೆ ಅಡಿಕೆ ಹಾಕುತ್ತಾ ಕೂತಿದ್ದಾರೆ, ಕೂಗುವಂತಿಲ್ಲ. ಎಳೆದರೆ ತವರಿನವರು ಕೊಟ್ಟ ಸೀರೆ ಹರಿದು ಎರಡಾಗುತ್ತದೆ. ಏನೂ ತೋಚದೆ ಕಲ್ಲಿನ ಹಾಗೆ ನಿಂತುಬಿಟ್ಟೆ. ನಾಯಿ ಒಮ್ಮೆ ಜಗ್ಗಿತು, ಇನ್ನೊಮ್ಮೆ ಜಗ್ಗಿತು. ಈ ಕಡೆಯಿಂದ ಯಾರೂ ಜಗ್ಗದಿದ್ದರೆ ಅದಕ್ಕೇನು ಆಟ? ತಲೆಯೆತ್ತಿ ನನ್ನನ್ನು ನೋಡಿತು. ಸಾಕಾಗಿ ನನ್ನ ಖಾಲಿ ಕೈ ತೊಡೆಯ ಪಕ್ಕಕ್ಕೆ ಇಳಿಯಿತು, ಅಂಗೈ ಕೆಳಗಾಗಿ. ಅದು ಬಾಯಿ ಬಿಟ್ಟಿತು.

ಸೆರಗಿನ ಗಂಟಿನಲ್ಲಿದ್ದ ಹುರಿಗಡಲೆ ಬೆಲ್ಲ ತೆಗೆದು ಅದರ ಬಾಯಿಗೆ ಹಾಕಿದೆ. ಮಾರನೆಯ ದಿನದಿಂದ ನನ್ನದೇ ಪಾಠ ಶುರು. ಗೋಣಿತಾಟಿನ ತುಂಡು ಕೊಡುವುದು, ಹಿಡಿದ ಕೂಡಲೇ ಕಲ್ಲಾಗುವುದು, ಅಂಗೈ ಇಳಿಸುವುದು. ಬೆಲ್ಲಕ್ಕಿಂತ ದೊಡ್ಡ ಬಹುಮಾನ ಯಾವುದೆಂದು ಬೇಗ ತಿಳಿಯಿತು. ಬಿಟ್ಟ ಗೋಣಿಯನ್ನು ಮತ್ತೆ ಅದಕ್ಕೇ ಕೊಡುವುದು. ಪಾಪ, ಇಷ್ಟು ದಿನ ಬಿಟ್ಟರೆ ಹೋಯಿತು ಎಂದೇ ಅದು ತಿಳಿದಿತ್ತು. ಬಿಟ್ಟರೂ ಸಿಗುತ್ತದೆ ಎಂದು ಗೊತ್ತಾದ ಮೇಲೆ, ಕೈ ಇಳಿಯುವುದನ್ನೇ ಕಾಯುತ್ತಿತ್ತು. ಇವರಿಗೆ ಹೇಳಿದರೆ, "ಪಂದ್ಯದಲ್ಲಿ ಮೂಕಿ ಆಟ ನಡಿಯಲ್ಲ ಕಣೆ, ಗಂಟಲು ಬಿಟ್ಟು ಹೇಳ್ಬೇಕು" ಎಂದು ನಕ್ಕರು. ನಗಲಿ ಎಂದು ಸುಮ್ಮನಾದೆ. ನನಗೆ ಆ ಮನೆಯಲ್ಲಿ ಗಂಟಲೇ ಇರಲಿಲ್ಲ, ಇದ್ದದ್ದು ಕೈ ಮಾತ್ರ.

ಸುಗ್ಗಿ ಮುಗಿದಿತ್ತು. ಒಂದು ಬೆಳಗ್ಗೆ ಇವರು ಡ್ಯೂಟಿಗೆ ಹೋಗಿದ್ದರು. ಮಾವ ದೊಡ್ಡ ಎತ್ತನ್ನು ಕೆರೆಯಲ್ಲಿ ಮೈ ತೊಳೆಯಲು ಹೊರಡಿಸಿದ್ದರು. ಆ ಹೊತ್ತಿಗೆ ಯಲಹಂಕದ ವಿಮಾನ ಮೈದಾನದ ಕಡೆಯಿಂದ ಒಂದು ವಿಮಾನ ಮನೆಯ ಹಂಚು ಅದುರುವಷ್ಟು ಕೆಳಗೆ ಹಾರಿ ಹೋಯಿತು. ಎತ್ತು ಬೆಚ್ಚಿ ಹಿಂದಕ್ಕೆ ಜಗ್ಗಿತು. ಮೂಗುದಾರಕ್ಕೆ ಕಟ್ಟಿದ್ದ ಹಗ್ಗ ಮಾವನ ಕೈಯಿಂದ ಜಾರಿ ಅಂಗಳದಲ್ಲಿ ಹಾವಿನ ಹಾಗೆ ಹರಿದಾಡಿತು. ಜಗಲಿಯ ಕೆಳಗೆ ಮಲಗಿದ್ದ ನಾಯಿ ಎದ್ದದ್ದನ್ನು ನಾನು ಕಂಡೆ, ಹಾರಿದ್ದನ್ನು ಕಾಣಲಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಎತ್ತಿನ ಮೂತಿಯ ಕೆಳಗೆ ಜೋಲುತ್ತಿತ್ತು. ಹಿಡಿದದ್ದು ಹಗ್ಗವನ್ನು, ಮೂಗುದಾರದ ಬುಡದಲ್ಲೇ. ಅದರ ಬಿಳಿ ಮೂತಿಗೂ ಎತ್ತಿನ ಮೂಗಿಗೂ ನಡುವೆ ಒಂದು ಬೆರಳು ಹೋಗುವಷ್ಟು ಜಾಗವಿತ್ತೋ ಇಲ್ಲವೋ.

ಎತ್ತು ಅರಚಿತು. ಮಾವ ಒಂದು ಕೈಯಲ್ಲಿ ಅದರ ಕೊಂಬು ಹಿಡಿದು ಹಿಂದಕ್ಕೆ ಎಳೆಯುತ್ತಾ, ಇನ್ನೊಂದು ಕೈಯಲ್ಲಿ ದೊಣ್ಣೆ ಎತ್ತಿದರು. ಹೊಡೆದರೆ ಇದು ಇನ್ನೂ ಬಿಗಿ ಹಿಡಿಯುತ್ತದೆ, ಎಳೆದರೆ ಮೂಗು ಸೀಳುತ್ತದೆ. ಮೈದಾನದಲ್ಲಿ ಕಂಡದ್ದೆಲ್ಲ ನನ್ನ ಕಣ್ಣ ಮುಂದೆ ಬಂತು.

"ಮಾವ! ಹೊಡೀಬೇಡಿ! ಎಳೀಬೇಡಿ! ಎತ್ತನ್ನ ನಿಲ್ಸಿ, ನೀವೂ ಅಲ್ಲಾಡಬೇಡಿ!"

ಆ ದನಿ ನನ್ನದೇ. ಬೀದಿಯ ಆ ತುದಿಗೂ ಕೇಳಿಸಿರಬೇಕು. ಮಾವ ನನ್ನ ಮುಖವನ್ನು ನೋಡಿದರು. ದೊಣ್ಣೆ ಕೆಳಗಿಳಿಯಿತು. "ಓ... ಓ... ಓ..." ಎಂದು ಎತ್ತಿನ ಕತ್ತಿಗೆ ಎದೆಯಾನಿಸಿ ನಿಂತರು. ಎತ್ತು ನಡುಗುತ್ತಾ, ಬುಸುಗುಡುತ್ತಾ, ಕಡೆಗೆ ನಿಂತಿತು.

ನಾನು ನಾಯಿಯ ಕಣ್ಣಿಗೆ ಬೀಳುವ ಕಡೆ ಹೋಗಿ ನಿಂತು ಅಂಗೈ ಇಳಿಸಿದೆ. ಅದು ನನ್ನನ್ನು ನೋಡಿತು. ಅದರ ಮೈಯ ಒಂದೊಂದು ನರವೂ ಬಿಗಿದು ನಡುಗುತ್ತಿತ್ತು. ಯಾವುದಕ್ಕಾಗಿ ಅದರ ವಂಶ ಹುಟ್ಟಿತ್ತೋ ಅದು ಅದರ ಬಾಯಲ್ಲೇ ಇತ್ತು, ಎತ್ತಿನ ಬಿಸಿ ಉಸಿರು ಅದರ ಮುಖಕ್ಕೇ ಬಡಿಯುತ್ತಿತ್ತು. ಇತ್ತ ಕಡೆ ಏನಿತ್ತು? ಪಾತ್ರೆ ತಿಕ್ಕುತ್ತಿದ್ದ, ಬೂದಿ ಮೆತ್ತಿದ ಒಂದು ಖಾಲಿ ಕೈ. ಅಷ್ಟಕ್ಕೆ, ಬರೀ ಅಷ್ಟಕ್ಕೆ, ಅದು ಬಾಯಿ ತೆರೆಯಿತು. ಧೊಪ್ಪನೆ ನೆಲಕ್ಕೆ ಬಿದ್ದು, ಎದ್ದು ಬಂದು ನನ್ನ ಕಾಲ ಹತ್ತಿರ ಕೂತಿತು. ನನ್ನ ಜೀವಮಾನದಲ್ಲಿ ಅದಕ್ಕಿಂತ ದೊಡ್ಡದನ್ನು ನಾನು ಕಂಡಿಲ್ಲ. ನಾನು ಅಲ್ಲೇ ಕುಸಿದು, ಅದರ ಸೋರೆಕಾಯಿ ತಲೆಯನ್ನು ಅಪ್ಪಿಕೊಂಡು ಅತ್ತುಬಿಟ್ಟೆ.

ಮಾವ ಎತ್ತಿನ ಮೂಗನ್ನು ಸವರಿ ನೋಡಿದರು. ಅದನ್ನು ಕೆರೆಗೆ ಹೊಡೆದುಕೊಂಡು ಹೋದರು.

ಮುಂದಿನ ವರ್ಷದ ಪಂದ್ಯದಲ್ಲಿ, ಕೈಸನ್ನೆಯೂ ಸಲ್ಲುತ್ತದೆ ಎಂದು ತಿಳಿದುಕೊಂಡು ಬಂದ ನಮ್ಮ ಯಜಮಾನರು ಬಾಯಿ ಮುಚ್ಚಿಕೊಂಡು ನಿಂತು ಅಂಗೈ ಇಳಿಸಿದ್ದು, ಮೈದಾನ ಚಪ್ಪಾಳೆ ತಟ್ಟಿದ್ದು ನಿಜ. ಆಗ ಬಹುಮಾನವಾಗಿ ಬಂದ ಕಪ್ಪು ಈಗಲೂ ಕಪಾಟಿನಲ್ಲಿದೆ, ಗುಂಡಿ ಸೂಜಿ ಹಾಕಲು ಅನುಕೂಲ. ಆದರೆ ನಾಯಿ ಗೆದ್ದದ್ದು ಅಲ್ಲಲ್ಲ.

ಎತ್ತು ಬೆಚ್ಚಿದ ಆ ದಿನ ಮಾವ ಕೆರೆಯಿಂದ ಬಂದು ಹೊತ್ತು ಇಳಿಯುವವರೆಗೂ ಕೊಟ್ಟಿಗೆಯಲ್ಲೇ ಇದ್ದರು. ನಾಯಿಗೆ ಒಮ್ಮೆಯೂ "ಲೇ" ಅನ್ನಲಿಲ್ಲ. ಸಂಜೆ ಬಂದು ವಿಷಯ ಕೇಳಿದ ಇವರ ಮುಖ ಕಪ್ಪಿಟ್ಟಿತು. ಊಟಕ್ಕೆ ಕೂತಾಗ ತಲೆ ತಗ್ಗಿಸಿ, "ಬೆಳಗ್ಗೆ ನಾನೇ ಕರ್ಕೊಂಡ್ಹೋಗಿ ಯಾರಿಗಾದ್ರೂ ಕೊಟ್ಬರ್ತೀನಪ್ಪ" ಅಂದರು. ನಾಯಿ ಎಂದಿನ ಜಾಗದಲ್ಲಿ, ಹೊಸಿಲ ಹತ್ತಿರ, ತನಗೇನಾದರೂ ಮಾತು ಕೊಡುತ್ತಾರೆಂದು ಕಿವಿ ನಿಮಿರಿಸಿ ಮಾವನನ್ನೇ ನೋಡುತ್ತಿತ್ತು. ನಾನು ಬಾಗಿಲ ಮರೆಯಲ್ಲಿ ನಿಂತು ಸಂದಿಯಿಂದ ನೋಡುತ್ತಿದ್ದೆ.

ಮಾವ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನುಂಗಿದರು. "ಅದು ಬಾಯಾಕಿದ್ದು ಹಗ್ಗಕ್ಕೆ ಕಣ್ಲಾ" ಎಂದು ಮಗನಿಗೆ ಹೇಳಿದರು. "ನಾನು ಏಳಿದ್ದು ಮೂತಿಗೆ."

ಆಮೇಲೆ ತಲೆಯೆತ್ತಿದರು. ನಾಯಿಯ ಕಡೆ ತಿರುಗಲಿಲ್ಲ, ಕಂಬದ ಕಡೆಯೂ ನೋಡಲಿಲ್ಲ. ಬಾಗಿಲ ಸಂದಿಯಲ್ಲಿದ್ದ ನನ್ನ ಮುಖವನ್ನೇ ನೆಟ್ಟಗೆ ನೋಡಿದರು.

"ಅದಕ್ಕೂ ಒಂದು ಮುದ್ದೆ ಇಕ್ಕವ್ವ" ಅಂದರು.

ಅವತ್ತಿನಿಂದ ನಮ್ಮ ಮನೆಯಲ್ಲಿ ಆ ನಾಯಿಗೆ ಒಂದು ಕೆಲಸ ಕಡಿಮೆಯಾಯಿತು.