ಮಾಳಿಗೆಯ ಮೇಲೆ ಐದನೆಯ ಪ್ಲೇಟು

ಸಿರುಗುಪ್ಪದ ಚಿದಾನಂದಪ್ಪ ಮಗಳನ್ನು ಗಂಡನ ಮನೆಗೆ ಕಳಿಸಿದ ದಿನ, ಬಂಡಿಯಲ್ಲಿ ಹಾಸಿಗೆ, ಹಂಡೆ, ಕೊಡಗಳ ನಡುವೆ ತನ್ನ ಗ್ರಾಮಫೋನನ್ನೂ ಇಡಿಸಿದ. ಕಳಿಸಿಕೊಡಲು ಬಂದವರೆಲ್ಲ ಮುಖ ಮುಖ ನೋಡಿಕೊಂಡರು. ಆ ಪೆಟ್ಟಿಗೆಯ ಮೇಲೆ ಅವನ ಜೀವ ಎಷ್ಟಿತ್ತೆಂಬುದು ಓಣಿಗೆಲ್ಲ ಗೊತ್ತು. ಗದ್ದೆಯಿಂದ ಬಂದವನು ಕಾಲಿಗೆ ನೀರು ಹಾಕಿಕೊಳ್ಳುವ ಮೊದಲು ಅದಕ್ಕೆ ಕೀಲಿ ಕೊಡುತ್ತಿದ್ದ.

"ಅಪ್ಪಾ, ಮತ್ತ ನಿನಗ?" ಎಂದಳು ಚನ್ನವೀರಮ್ಮ.

"ನನಗ ಹೊಳಿ ಐತಲ್ಲ ತಾಯಿ. ದಂಡಿಗೆ ಹೋಗಿ ಕುಂತ್ರ ಆತು. ಕುರುಗೋಡಿನಾಗ ಹೊಳಿ ಇಲ್ಲ. ಅಲ್ಲಿ ಬ್ಯಾಸಿಗಿ ಹೆಂಗ ಕಳೀತಿ ನೀನು?"

ಅದು ನಲವತ್ತೊಂದನೆಯ ಇಸವಿಯ ಮಾಘಮಾಸ. ತೆಕ್ಕಲಕೋಟೆಯಲ್ಲಿ ಎತ್ತು ಬಿಚ್ಚಿ, ಬುತ್ತಿ ಉಂಡು, ಮತ್ತೆ ಹೊರಟ ಬಂಡಿ ಕುರುಗೋಡು ಸೇರುವಷ್ಟರಲ್ಲಿ ಹೊತ್ತು ಇಳಿದಿತ್ತು. ದಾರಿಯುದ್ದಕ್ಕೂ ಚನ್ನವೀರಮ್ಮ ಹಾಡಿನ ಪ್ಲೇಟುಗಳ ಗಂಟನ್ನು ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದಳು. ಅದರಲ್ಲಿ ಕೊಳಲಿನದಿತ್ತು, ಸನಾದಿಯದಿತ್ತು, ನಗೆಚಾಟಿಕೆಯದೊಂದಿತ್ತು. ಎಲ್ಲಕ್ಕಿಂತ ಮೇಲಾಗಿ ಒಂದು ತೆಲುಗು ನಾಟಕದ ಸೆಟ್ಟು ಇತ್ತು. ಎಂಟು ಪ್ಲೇಟುಗಳನ್ನು ಪುಸ್ತಕದ ಹಾಳೆಗಳಂತೆ ಒಂದೇ ರಟ್ಟಿನ ಹೊದಿಕೆಯೊಳಗೆ ಜೋಡಿಸಿದ್ದರು. ಒಂದೊಂದೇ ತೆಗೆದು ಹಚ್ಚುತ್ತ ಹೋದರೆ ಇಡೀ ನಾಟಕ ಮನೆಯೊಳಗೇ ನಡೆದುಹೋಗುತ್ತಿತ್ತು.

ಗಂಡ ಉಜ್ಜಿನಪ್ಪ ಬಳ್ಳಾರಿಯ ಹತ್ತಿ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಕೆಲಸಕ್ಕಿದ್ದ. ಶನಿವಾರ ಸಂಜೆ ಮೋಟಾರಿಗೆ ಬಂದು ಸೋಮವಾರ ಬೆಳಗ್ಗೆ ಹೋಗುವವನು. ಮಾತು ಕಡಿಮೆ. ಉಳಿದ ದಿನ ಮನೆಯಲ್ಲಿ ಅತ್ತೆ ವಿರೂಪಮ್ಮ, ಸೊಸೆ ಇಬ್ಬರೇ. ವಿರೂಪಮ್ಮ ಎತ್ತರದ ಹೆಂಗಸು, ಹಣೆತುಂಬ ವಿಭೂತಿ, ನಡೆದರೆ ನೆಲ ಅದುರುವಂಥ ನಡಿಗೆ. ಪೆಟ್ಟಿಗೆ ಕಂಡದ್ದೇ, "ಮದುವಿ ಮನ್ಯಾಗ ಹಾಡು ಚಂದ. ಬಾಳೇವು ಮಾಡೋ ಮನ್ಯಾಗ ಯಾಕಬೇ?" ಎಂದಳು. ಬಯ್ಯಲಿಲ್ಲ, ಅಷ್ಟೇ ಅಂದಳು. ಚನ್ನವೀರಮ್ಮ ಪೆಟ್ಟಿಗೆಯ ಮೇಲೊಂದು ಹಳೇ ಸೀರೆ ಹೊದಿಸಿ ಮೂಲೆಗೆ ಸರಿಸಿದಳು. ಪ್ಲೇಟುಗಳನ್ನು ಹಿಂದಿನ ಕತ್ತಲೆ ಕೋಣೆಯಲ್ಲಿ, ನೀರಿನ ಗುಡಾಣದಿಂದ ಒಂದು ಮೊಳ ದೂರ ಇಟ್ಟಳು. ಅರಗಿನಿಂದ ಮಾಡಿದ ಪ್ಲೇಟು ಬಿಸಿಲಿಗೆ ಹಪ್ಪಳದಂತೆ ಸೊಟ್ಟಗಾಗುತ್ತದೆಂದು ಅಪ್ಪ ಹೇಳಿಕೊಟ್ಟಿದ್ದ.

ಚೈತ್ರ ಬಂತು. ಕುರುಗೋಡಿನ ಬೇಸಿಗೆ ಏನೆಂದು ಹೊಳೆದಂಡೆಯ ಹುಡುಗಿಗೆ ಆಗ ಗೊತ್ತಾಯಿತು. ಊರ ಬೆನ್ನಿಗಿದ್ದ ಬಂಡೆಗುಡ್ಡಗಳು ಹಗಲೆಲ್ಲ ಬಿಸಿಲು ಕುಡಿದು ಸಂಜೆಗೆ ಅದನ್ನೇ ಉಗುಳುತ್ತಿದ್ದವು. ಮಧ್ಯಾಹ್ನ ಹಕ್ಕಿಯ ದನಿಯೂ ಇಲ್ಲ. ಅಂಥದೊಂದು ಮಧ್ಯಾಹ್ನ ವಿರೂಪಮ್ಮ ಬರಿ ಕಲ್ಲುಹಾಸಿನ ಮೇಲೆ ಮಲಗಿ, ನಿದ್ದೆ ಬಾರದೆ ಆ ಮಗ್ಗುಲಿಂದ ಈ ಮಗ್ಗುಲಿಗೆ ಹೊರಳುತ್ತಿದ್ದವಳು, ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದಳು:

"ಚನ್ನೀ, ಆ ಪೆಟ್ಟಿಗ್ಯಾಗ ತಂಪಾಗೋ ಅಂಥದ್ದೇನರ ಐತೇನು?"

ಚನ್ನವೀರಮ್ಮ ದಿಗ್ಗನೆ ಎದ್ದು ಕೂತಳು. ತಂಪಾಗುವಂಥದ್ದು! ಆ ಪ್ರಶ್ನೆಗೆ ಅವಳು ಚಿಕ್ಕಂದಿನಿಂದ ಉತ್ತರ ಹುಡುಕಿಕೊಂಡೇ ಬೆಳೆದಿದ್ದಳು. ಯಾವ ಪ್ಲೇಟು ಯಾವ ಕಾಲಕ್ಕೆ ಎಂಬುದರಲ್ಲಿ ಅಪ್ಪ ಮಗಳಿಗೆ ದಿನಾ ಜಗಳ. ಸನಾದಿ ಬೇಸಿಗೆಗೆ ಬೇಡ, ಅದು ಕಿವಿಯನ್ನು ಕಾಯಿಸುತ್ತದೆ ಎಂದು ಮಗಳು. ಹಾಗಾದರೆ ಮದುವೆಗಳೆಲ್ಲ ಬೇಸಿಗೆಯಲ್ಲೇ ಯಾಕೆ ಆಗುತ್ತವೆ ಎಂದು ಅಪ್ಪ. ಕೊಳಲು ಬೆಳಗಿನ ಜಾವಕ್ಕೆ, ನೆಲ ಇನ್ನೂ ತಣ್ಣಗಿರುವಾಗ. ಹಾರ್ಮೋನಿಯಂ ಜೋರಾಗಿರುವ ಪದಗಳು ಮಳೆಗಾಲಕ್ಕೆ. ಸುಡು ಮಧ್ಯಾಹ್ನಕ್ಕೆ ಮಾತ್ರ ಒಂದೇ ಒಂದು: ಹಿಂದೂಸ್ತಾನಿ ಗಾಯಕಿಯೊಬ್ಬಳ ನಿಧಾನದ ಹಾಡು. ಪ್ಲೇಟಿನ ಮೇಲಿನ ಚೀಟಿಯಲ್ಲಿದ್ದ ಅವಳ ಹೆಸರನ್ನು ಎಂದೋ ಇಲಿ ತಿಂದಿತ್ತು. ಭಾಷೆ ತಿಳಿಯುತ್ತಿರಲಿಲ್ಲ. ಆದರೆ ಆ ದನಿ ಹೊಸ ಗಡಿಗೆಯ ನೀರಿನಂತೆ ಗಂಟಲಿಗೆ ಇಳಿಯುತ್ತಿತ್ತು.

ಅದನ್ನೇ ಹಚ್ಚಿದಳು. ಹಾಡು ಮುಗಿದು ಪ್ಲೇಟು ಗರಗರ ತಿರುಗುವಾಗ ನೋಡಿದರೆ ಅತ್ತೆ ಬಾಯಿ ತೆರೆದು ನಿದ್ದೆ ಹೋಗಿದ್ದಳು.

ಆಮೇಲೆ ಯಾರೂ ಯಾರನ್ನೂ ಕೇಳಲಿಲ್ಲ. ಮಧ್ಯಾಹ್ನ ಆ ಗಾಯಕಿ, ಹೊತ್ತು ಮುಳುಗಿದ ಮೇಲೆ ಮಾಳಿಗೆಯಲ್ಲಿ ನಾಟಕದ ಸೆಟ್ಟು. ಬೇಸಿಗೆಯಲ್ಲಿ ಊರಿಗೆ ಊರೇ ಮಾಳಿಗೆಯ ಮೇಲೆ ಮಲಗುವುದು ವಾಡಿಕೆ. ಮಣ್ಣಿನ ಮಾಳಿಗೆಗಳು ಒಂದಕ್ಕೊಂದು ತಾಗಿಕೊಂಡಿದ್ದರಿಂದ ಒಂದು ಮನೆಯ ಹಾಡು ಇಡೀ ಓಣಿಗೆ ಕೇಳುತ್ತಿತ್ತು. ಕತ್ತಲಾಗುತ್ತಲೇ ಪಕ್ಕದ ಮನೆಯ ಗಾಳೆಪ್ಪ, "ವಿರೂಪಮ್ಮಾರ, ನಾಟಕ ಸುರು ಮಾಡ್ರಲ್ಲ!" ಎಂದು ಕೂಗುತ್ತಿದ್ದ. ಅವನಿಗೆ ಹೊಲದಲ್ಲಿ ಎಷ್ಟು ದುಡಿದರೂ ದಣಿವಿಲ್ಲ, ನಾಟಕವಿಲ್ಲದಿದ್ದರೆ ಮಾತ್ರ ನಿದ್ದೆಯಿಲ್ಲ. ಓಣಿಯವರೆಲ್ಲ ಅಷ್ಟಿಷ್ಟು ತೆಲುಗು ಬಲ್ಲವರೇ. ತಿಳಿಯದ ಕಡೆ ಗಾಳೆಪ್ಪನೇ ದೊಡ್ಡ ದನಿಯಲ್ಲಿ ಅರ್ಥ ಹೇಳುತ್ತಿದ್ದ, ಅರ್ಧ ತನ್ನದೂ ಸೇರಿಸಿ.

ಯುದ್ಧ ಜೋರಾದಾಗ ಗ್ರಾಮಫೋನಿನ ಪಿನ್ನುಗಳು ಬಳ್ಳಾರಿಯಲ್ಲೂ ಸಿಗದಾದವು. ಚನ್ನವೀರಮ್ಮ ಜಾಲಿ ಮುಳ್ಳು ತಂದು, ಒಣಗಿಸಿ, ತುದಿ ಕೆತ್ತಿ ಪಿನ್ನಿನ ಜಾಗಕ್ಕೆ ಸಿಕ್ಕಿಸಿದಳು. ದನಿ ಕೊಂಚ ಕುಗ್ಗಿತು, ಆದರೆ ಮೆತ್ತಗಾಯಿತು. ಬೇಸಿಗೆಗೆ ಇದೇ ಚಲೋ ಎಂದುಕೊಂಡಳು.

ನಾಟಕದ ಕತೆ ಒಬ್ಬ ರಾಣಿಯದು. ಗಂಡನನ್ನು ಹುಡುಕುತ್ತ ಕಾಡು ಅಲೆಯುವ ಅವಳು ಐದನೆಯ ಪ್ಲೇಟಿನಲ್ಲಿ ಬತ್ತಿದ ಹೊಳೆಯ ಮುಂದೆ ನಿಂತು, ನೀರು ಬರಲೆಂದು ಬೇಡಿ ಹಾಡುತ್ತಾಳೆ. ಆರನೆಯ ಪ್ಲೇಟು ಹಚ್ಚಿದರೆ ಹೊಳೆ ತುಂಬಿ ಹರಿಯುವ ಸದ್ದು, ಆಚೆ ದಡದಿಂದ ರಾಜನ ದನಿ. ಆ ನೀರಿನ ಸದ್ದಿಗಾಗಿಯೇ ಓಣಿಯ ಜನ ಕಾಯುತ್ತಿದ್ದರು.

ನಲವತ್ತನಾಲ್ಕರ ವೈಶಾಖದಲ್ಲಿ ಒಂದು ಸಂಜೆ, ಐದನೆಯ ಪ್ಲೇಟು ಮುಗಿದು ಪಕ್ಕಕ್ಕಿಡುವ ಹೊತ್ತಿಗೆ ಗುಡ್ಡದ ಕಡೆಯಿಂದ ಕೆಂಧೂಳಿನ ಬಿರುಗಾಳಿ ಎದ್ದಿತು. ಹಾಸಿಗೆ ಹಾರಿದವು, ಮಕ್ಕಳು ಕಿರುಚಿದರು. ಸಿಕ್ಕಿದ್ದನ್ನು ಬಾಚಿಕೊಂಡು ಎಲ್ಲರೂ ಕೆಳಗಿಳಿದರು. ಪೆಟ್ಟಿಗೆ ಬಂತು, ಸೆಟ್ಟು ಬಂತು, ಐದನೆಯ ಪ್ಲೇಟು ಮಾತ್ರ ಕಂಬಳಿಯ ಮಡಿಕೆಯಲ್ಲಿ ಮೇಲೇ ಉಳಿಯಿತು. ಮರುದಿನ ಚನ್ನವೀರಮ್ಮನಿಗೆ ನೆನಪಾಗುವಷ್ಟರಲ್ಲಿ ಸೂರ್ಯ ನೆತ್ತಿಯ ಮೇಲಿದ್ದ. ಪ್ಲೇಟು ಮುತ್ತುಗದ ಎಲೆಯಂತೆ ಬಾಗಿತ್ತು.

"ಅಳಬ್ಯಾಡ ತಂಗಿ. ಬಿಸಲಾಗ ಮೆತ್ತಗಾಗಿದ್ದು ಬಿಸಲಾಗ ಸರಿ ಹೋಗತೈತಿ," ಎಂದ ಗಾಳೆಪ್ಪ. ಎರಡು ಚಪ್ಪಡಿ ತಂದು, ನಡುವೆ ಪ್ಲೇಟಿಟ್ಟು, ಮೇಲೊಂದು ಗುಂಡುಕಲ್ಲು ಹೇರಿದ. ಸಂಜೆ ಚಪ್ಪಡಿ ಎತ್ತಿದರೆ ಮೂರು ತುಂಡು. ಗಾಳೆಪ್ಪ ಮುಖ ಸಣ್ಣದು ಮಾಡಿಕೊಂಡು ಹೊರಟುಹೋದ. ಎರಡು ದಿನ ಮಾಳಿಗೆಯಿಂದ ಅವನ ಕೂಗಿಲ್ಲ.

ಮೂರನೆಯ ಸಂಜೆ ವಿರೂಪಮ್ಮನೇ, "ಇದ್ದದ್ದನ್ನ ಹಚ್ಚು," ಎಂದಳು. ನಾಲ್ಕನೆಯ ಪ್ಲೇಟು ಮುಗಿಯಿತು. ಚನ್ನವೀರಮ್ಮ ಆರನೆಯದನ್ನು ಕೈಗೆತ್ತಿಕೊಂಡಳು. ಇಡಲು ಕೈ ಬಾರಲಿಲ್ಲ. ರಾಣಿ ಬೇಡಿಕೊಳ್ಳದೆ ನೀರು ಹೇಗೆ ಬಂದೀತು?

"ಯಾಕಬೇ, ನಿಂತಿ?" ಎಂದಳು ಅತ್ತೆ.

"ನಡುವ ಒಂದು ಹಾಡು ಹೋತಲ್ರೀ ಅತ್ತಿ. ಕತಿ ಕೂಡಂಗಿಲ್ಲ."

"ನಿನಗ ಬರತೈತಲ್ಲ ಅದು? ರೊಟ್ಟಿ ಬಡಿಯೋವಾಗ ಗುನುಗತಿ, ನಾ ಕೇಳಿಲ್ಲೇನು?"

"ಮನಿಯಾಗಿನ ಮಾತು ಬ್ಯಾರೆ. ಓಣಿ ಮಂದಿ ಎಲ್ಲಾ ಅದಾರ. ಸೊಸಿ ಮಾಳಿಗಿ ಮ್ಯಾಲೆ ಹಾಡ್ಯಾಳಂದ್ರ ಏನಂದಾರು?"

ವಿರೂಪಮ್ಮ ಅಕ್ಕಪಕ್ಕದ ಮಾಳಿಗೆಗಳತ್ತ ಒಮ್ಮೆ ನೋಡಿದಳು. "ಅಂದವರು ನನ್ನ ಮುಂದ ಬಂದು ಅನ್ಲಿ. ಹಾಡವ್ವ ನೀನು. ಕತ್ತಲಾಗ ಯಾರ ಬಾಯಿ ಯಾರಿಗಿ ಕಾಣತೈತಿ?"

ಚನ್ನವೀರಮ್ಮ ಸೆರಗು ತಲೆಯ ಮೇಲೆಳೆದುಕೊಂಡು, ಗುಡ್ಡದ ಕಡೆ ಮುಖ ಮಾಡಿ ಹಾಡಿದಳು. ಮೊದಲ ಸಾಲು ನಡುಗಿತು. ಆಮೇಲೆ ಸಿರುಗುಪ್ಪದ ಹೊಳೆ ನೆನಪಾಯಿತು: ಬೇಸಿಗೆಯಲ್ಲಿ ಅದು ಮರಳಿನ ನಡುವೆ ನೂಲಿನಂತಾಗುತ್ತಿದ್ದುದು, ಅಪ್ಪ ಆ ನೂಲಿನ ಪಕ್ಕ ಒಬ್ಬನೇ ಕೂತಿರುತ್ತಿದ್ದುದು. ದನಿ ತಾನಾಗಿ ಬಿಚ್ಚಿಕೊಂಡಿತು. ಹಾಡು ಮುಗಿಯಿತು. ಎಲ್ಲೋ ಒಂದು ಮಗು ಕೆಮ್ಮಿತು. ಅವಳು ಗಡಿಬಿಡಿಯಲ್ಲಿ ಆರನೆಯ ಪ್ಲೇಟು ಹಚ್ಚಿದಳು. ನೀರು ಹರಿಯಿತು. ಆಗ ಗಾಳೆಪ್ಪನ ದನಿ: "ಬಂತು ನೋಡ್ರೆಪಾ, ಹೊಳಿ ಬಂತು!"

ಶನಿವಾರ ಉಜ್ಜಿನಪ್ಪ ಮೋಟಾರಿನಿಂದ ಇಳಿದು ಮನೆ ಸೇರುವುದರೊಳಗೆ ನಾಲ್ಕು ಮಂದಿ ಸುದ್ದಿ ಮುಟ್ಟಿಸಿದ್ದರು. ಬಂದವನೇ, "ಮಾಳಿಗಿ ಮ್ಯಾಲೆ ಹಾಡಿದ್ಯಂತ?" ಎಂದ. ಚನ್ನವೀರಮ್ಮ ತಲೆ ತಗ್ಗಿಸಿದಳು. ಒಳಗಿನಿಂದ ವಿರೂಪಮ್ಮ, "ನಾನ ಹಾಡಂದೆ. ಕೇಳೋದಿದ್ರ ನನ್ನ ಕೇಳು," ಎಂದಳು. ಅವನು ಕೇಳಲಿಲ್ಲ. ಆ ಸಂಜೆ ಮಾಳಿಗೆಯ ಕಟ್ಟೆಗೆ ಒರಗಿ, ಬೆನ್ನು ತಿರುಗಿಸಿ ಕೂತ. ಅವಳು ಹಾಡಿದಳು. ಹಾಡು ನಿಂತ ಮೇಲೆ ಅವನು ಎದ್ದು ಬಂದು ಪೆಟ್ಟಿಗೆಗೆ ಕೀಲಿ ಕೊಟ್ಟು ಆರನೆಯ ಪ್ಲೇಟನ್ನು ತಾನೇ ಇಟ್ಟ. ಮದುವೆಯಾಗಿ ಮೂರು ವರ್ಷಕ್ಕೆ ಅವನ ಮನಸ್ಸು ಅವಳಿಗೆ ಅಂದು ತಿಳಿಯಿತು.

ಹಾಗೆ ಎಷ್ಟೋ ಬೇಸಿಗೆಗಳು. ಯುದ್ಧ ಮುಗಿಯಿತು, ಸ್ವಾತಂತ್ರ್ಯ ಬಂತು, ಎರಡು ಮಕ್ಕಳಾದವು. ಚಿದಾನಂದಪ್ಪ ವರ್ಷಕ್ಕೊಮ್ಮೆ ಮಾವಿನಹಣ್ಣಿನ ಬುಟ್ಟಿ ಹೊರಿಸಿಕೊಂಡು ಬಂದು, ಮಗಳ ಹಾಡು ಕೇಳಿ, ಸನಾದಿಯ ಬಗ್ಗೆ ಹಳೇ ಜಗಳ ತೆಗೆದು, ಹೋಗುತ್ತಿದ್ದ. ನಲವತ್ತೊಂಬತ್ತರ ಚಳಿಗಾಲದಲ್ಲಿ ವಿರೂಪಮ್ಮ ತೀರಿಕೊಂಡಳು. ನಾಲ್ಕು ದಿನದ ಜ್ವರ, ಅಷ್ಟೇ. ನಸುಕಿಗೆ ಅತ್ತೆಯ ಬೀಸುವ ಕಲ್ಲಿನ ಸದ್ದಿಲ್ಲದೆ ಮನೆ ಏಳುವುದನ್ನು ಕಲಿಯಲು ಚನ್ನವೀರಮ್ಮನಿಗೆ ಬಹಳ ದಿನ ಹಿಡಿಯಿತು.

ಮಕ್ಕಳ ಶಾಲೆಗೆಂದು ಐವತ್ತೊಂದರಲ್ಲಿ ಬಳ್ಳಾರಿಗೆ ಬಂದು ಮನೆ ಮಾಡಿದರು. ಮರುವರ್ಷ ಬೇಸಿಗೆ ಮೊದಲಾಗುವಾಗ ಉಜ್ಜಿನಪ್ಪ ಅವಳನ್ನು ಬ್ರೂಸ್‌ಪೇಟೆಯ ಒಂದು ಅಂಗಡಿಗೆ ಕರೆದೊಯ್ದ. ಹಳೇ ಸಾಮಾನು ಮಾರುವ ಅಂಗಡಿ. ಅದೇ ನಾಟಕದ ಒಡೆದ ಸೆಟ್ಟೊಂದರ ಬಿಡಿ ಪ್ಲೇಟುಗಳು ಬಂದಿವೆಯೆಂದು ಅವನಿಗೆ ಯಾರೋ ಹೇಳಿದ್ದರು. ಅಂಗಡಿಯವನು ಧೂಳು ಒರೆಸಿ ಒಂದನ್ನು ಹಚ್ಚಿದ. ಅದೇ ಐದನೆಯದು.

ಚನ್ನವೀರಮ್ಮ ಕಿವಿಗೊಟ್ಟಳು. ಏನೋ ತಪ್ಪಿದೆ ಅನ್ನಿಸಿತು. ಪ್ಲೇಟಿನ ರಾಣಿ ಗಾಡಿ ತಪ್ಪೀತೆಂಬವಳಂತೆ ಅವಸರದಲ್ಲಿ ಹಾಡುತ್ತಿದ್ದಳು. ಮೂರು ನಿಮಿಷದ ಪ್ಲೇಟು, ಅವಸರ ಮಾಡಲೇಬೇಕು. ಆದರೆ ಪ್ರತಿ ಸಾಲಿನ ಕೊನೆಗೆ ದನಿ ಕೆಳಗಿಳಿದು, ಸುತ್ತಿ, ಮತ್ತೆ ಮೇಲೇಳುವ ಆ ಬಳುಕು ಎಲ್ಲಿ? ಅದು ಪ್ಲೇಟಿನಲ್ಲಿ ಇರಲೇ ಇಲ್ಲ. ತಾನು ಎಂಟು ವರ್ಷ ಹಾಡಿದ್ದೇನನ್ನು? ಆ ಬಳುಕನ್ನು ತನಗೆ ಕಲಿಸಿದವರಾರು?

ಒಂದು ಗಳಿಗೆ ಬೇಕಾಯಿತು. ನಸುಕಿನ ಕತ್ತಲು, ಬೀಸುವ ಕಲ್ಲಿನ ಗೂಟ ಹಿಡಿದ ದೊಡ್ಡ ಕೈ, ಕಲ್ಲು ಒಂದು ಸುತ್ತು ಬರುವಷ್ಟಕ್ಕೆ ದನಿಯೂ ಒಂದು ಸುತ್ತು ಬರುವುದು. ಅತ್ತೆ ಜೋಳ ಬೀಸುತ್ತ ಹಾಡುತ್ತಿದ್ದ ಪದಗಳ ಬಳುಕು ಅದು. ಆ ಪದಗಳನ್ನು ತಾನು ಹಾಡೆಂದೇ ಎಣಿಸಿರಲಿಲ್ಲವಲ್ಲ ಎಂದುಕೊಂಡಳು. ಅಂಗಡಿಯೊಳಗೇ ಕಣ್ಣು ತುಂಬಿ ಬಂತು.

"ಯಾಕ? ಅದಲ್ಲೇನು?" ಎಂದ ಉಜ್ಜಿನಪ್ಪ.

"ಅದರೀ. ನಿಮ್ಮವ್ವನ ದನಿ ಇದರಾಗ ಇಲ್ಲ, ಅಷ್ಟ."

ಅವನಿಗೆ ತಿಳಿಯಿತೋ ಇಲ್ಲವೋ, ಪ್ಲೇಟನ್ನು ಕಟ್ಟಿಸಿಕೊಂಡ. ಪ್ಲೇಟಿನ ಹುಚ್ಚು ಹಿಡಿದವಳಿಗೆ ಸೆಟ್ಟು ಪೂರ್ತಿಯಾದರೆ ಸಂತೋಷವೇ. ಚನ್ನವೀರಮ್ಮ ಅದನ್ನು ರಟ್ಟಿನ ಹೊದಿಕೆಯ ಖಾಲಿ ಜಾಗಕ್ಕೆ ಸೇರಿಸಿ ಎರಡು ಸಲ ಮುಟ್ಟಿ ನೋಡಿದಳು.

ಬಳ್ಳಾರಿಯ ಮನೆಗೂ ಮಾಳಿಗೆಯಿತ್ತು. ಆ ಬೇಸಿಗೆಯ ಮೊದಲ ಸಂಜೆ ಅಕ್ಕಪಕ್ಕದ ಹೆಂಗಸರು ನೀರು ಚಿಮುಕಿಸಿದ ನೆಲದ ಮೇಲೆ ಕೂತರು. ಪಕ್ಕದ ಮನೆಯ ಯಂಕಮ್ಮ ಬೀಸಣಿಗೆ ಹಿಡಿದು ಎಲ್ಲರಿಗಿಂತ ಮುಂದೆ ಬಂದಳು. ನಾಲ್ಕನೆಯ ಪ್ಲೇಟು ಮುಗಿದಾಗ ಉಜ್ಜಿನಪ್ಪ ಹೊಸದನ್ನು ಹೊರತೆಗೆದು ಹೆಂಡತಿಯ ಮುಖ ನೋಡಿದ. ಅವಳು ಹಚ್ಚಿರೆಂದು ಕೈ ಮಾಡಿದಳು. ರಾಣಿ ಅವಸರವಾಗಿ ಹಾಡಿ ಮುಗಿಸಿದಳು. ಯಂಕಮ್ಮ, "ಚಲೋ ಐತ್ರಿ," ಎಂದಳು.

"ಕುರುಗೋಡಿನ ಕಡಿ ಇದನ್ನ ಬ್ಯಾರೆ ಥರ ಹಾಡತಾರ. ಕೇಳತೀರೇನು?" ಎಂದಳು ಚನ್ನವೀರಮ್ಮ.

"ಹಾಡ್ರಿ ಮತ್ತ! ಬ್ಯಾಡ ಅಂದವರು ಯಾರು?"

ಆರನೆಯ ಪ್ಲೇಟನ್ನು ಕೈಯಲ್ಲೇ ಹಿಡಿದುಕೊಂಡು ಉಜ್ಜಿನಪ್ಪ ಅವಳ ಎದುರಿಗೇ ಕೂತ. ಚನ್ನವೀರಮ್ಮ ತಲೆಯ ಮೇಲೆ ಸೆರಗೆಳೆದುಕೊಳ್ಳದೆ, ನಿಧಾನವಾಗಿ, ಸಾಲು ಸಾಲಿಗೂ ಕಲ್ಲು ಒಂದು ಸುತ್ತು ಬರುವಷ್ಟು ಹೊತ್ತು ಕೊಟ್ಟು ಹಾಡತೊಡಗಿದಳು.