ಬೀಗಿತ್ತಿಯ ವಾಕ್ಯವನ್ನು ತಿರಸ್ಕರಿಸುವುದು ಹೇಗೆ?

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂಬುದು ನಂಜನಗೂಡಿನ ನಮ್ಮ ಬೀದಿಗೆಲ್ಲ ಗೊತ್ತು. ತಕ್ಕಡಿ ಒತ್ತುವ ತರಕಾರಿಯವನಿರಲಿ, ನಮ್ಮ ಗೇಟಿಗೆ ಅಡ್ಡ ಸ್ಕೂಟರ್ ನಿಲ್ಲಿಸುವವರಿರಲಿ, ಯಾರನ್ನೂ ಸುಮ್ಮನೆ ಬಿಟ್ಟವಳಲ್ಲ. ಅಂಥವಳು ಕಂಪ್ಯೂಟರ್ ಪರದೆಯ ಮೇಲಿನ ಒಂದು ಚಿಕ್ಕ ಗುಂಡಿಗೆ ತಿಂಗಳುಗಟ್ಟಲೆ ಹೆದರಿಕೊಂಡಿದ್ದೆ ಎಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ಗುಂಡಿಯ ಮೇಲೆ ‘ತಿರಸ್ಕರಿಸಿ’ ಎಂದು ಬರೆದಿತ್ತು. ತಿರಸ್ಕರಿಸಬೇಕಾಗಿದ್ದದ್ದು ನನ್ನ ಬೀಗಿತ್ತಿಯ ವಾಕ್ಯಗಳನ್ನು.

ಬೀಗಿತ್ತಿ ಎಂದರೆ ನನ್ನ ಮಗಳ ಅತ್ತೆ, ತಿ. ನರಸೀಪುರದ ರಾಜಮ್ಮನವರು. ಹಾಲಿನ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದು ನಿವೃತ್ತರಾದವರು. ನಾನು ಇಲ್ಲಿನ ಕಾರ್ಖಾನೆಯೊಂದರಲ್ಲಿ ಯಂತ್ರ ನಡೆಸುವ ಸೂಚನೆಗಳನ್ನು ಬರೆದುಕೊಂಡಿದ್ದವಳು. ಹಳ್ಳಿ ಡೈರಿಗಳಲ್ಲಿ ಹಾಲು ಅಳೆದು ಚೀಟಿ ಕೊಡುವ ಉಚಿತ ತಂತ್ರಾಂಶವೊಂದಿದೆ. ಅದನ್ನು ಬಳಸುವುದು ಹೇಗೆಂದು ತಿಳಿಸುವ ಪುಟಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಮೈಸೂರಿನಲ್ಲಿ ಆ ಕೆಲಸ ನೋಡಿಕೊಳ್ಳುವ ಕಾವ್ಯ ಎಂಬ ಹುಡುಗಿ, ಕನ್ನಡದಲ್ಲಿ ನೀವಿಬ್ಬರೂ ಸೇರಿ ಬರೆದುಕೊಡಿ ಎಂದಳು. ಬೀಗರು ಸೇರಿ ಮದುವೆಯನ್ನೇ ಮಾಡಿದ್ದೇವೆ, ಪುಟ ಬರೆಯುವುದು ಯಾವ ಲೆಕ್ಕ ಎಂದು ನಾನು ಒಪ್ಪಿಬಿಟ್ಟೆ.

ಬರೆಯುವುದೆಲ್ಲ ಬ್ರೌಸರಿನಲ್ಲೇ. ಅವರು ಅಲ್ಲಿ, ನಾನು ಇಲ್ಲಿ, ಪುಟ ಒಂದೇ. ಆದರೆ ಆ ಸಂಪಾದಕ ತಂತ್ರಾಂಶ ಮನಸ್ಸಿಗೆ ಬಂದ ಹಾಗೆ ಬರೆಯಲು ಬಿಡುವುದಿಲ್ಲ. ಬಾಳೆಎಲೆಯಲ್ಲಿ ಉಪ್ಪಿಗೊಂದು ಜಾಗ, ಪಲ್ಯಕ್ಕೊಂದು ಜಾಗ ಇರುವಂತೆ ಇಲ್ಲಿ ಶೀರ್ಷಿಕೆಗೊಂದು ಚೌಕ, ಹಂತಕ್ಕೊಂದು ಚೌಕ, ಎಚ್ಚರಿಕೆಗೊಂದು ಚೌಕ. ಹಂತದ ಚೌಕದಲ್ಲಿ ಮಾಡಬೇಕಾದ ಕೆಲಸವನ್ನಷ್ಟೇ ಹೇಳಬೇಕು. ಉಪದೇಶ ಬಡಿಸಿದಿರೋ, ಅಂಚು ಕೆಂಪಾಗುತ್ತದೆ. ಎಲ್ಲ ಸರಿಯಿದ್ದರೆ ಪುಟದ ತಲೆಯ ಮೇಲೆ ಹಸಿರು ಚುಕ್ಕೆ. ಇದೇನೂ ಹೊಸ ವಿದ್ಯೆಯಲ್ಲ ಬಿಡಿ. ತಲಕಾಡಿನ ಸುತ್ತಮುತ್ತ ಹಳೆಯ ಶಾಸನಗಳನ್ನು ನೋಡಿ: ಮೊದಲು ಮಂಗಳದ ಮಾತು, ಆಮೇಲೆ ರಾಜನ ಹೊಗಳಿಕೆ, ಆಮೇಲೆ ದಾನ ಕೊಟ್ಟ ಭೂಮಿಯ ಎಲ್ಲೆ, ಕಟ್ಟಕಡೆಗೆ ಇದನ್ನು ಅಳಿಸಿದವರಿಗೆ ಶಾಪ. ಹೊಗಳಿಕೆಯ ಜಾಗದಲ್ಲಿ ಶಾಪ ಕೆತ್ತಿದ ಕಲ್ಲನ್ನು ನಾನಂತೂ ಕಂಡಿಲ್ಲ.

ನನ್ನ ತಲೆಯಲ್ಲಿ ಕೂತದ್ದು ಆ ಕೊನೆಯ ಶಾಪವೇ. ಈ ಸಂಪಾದಕದಲ್ಲಿ ಒಬ್ಬರು ಸೇರಿಸಿದ ವಾಕ್ಯವನ್ನು ಇನ್ನೊಬ್ಬರು ‘ಸ್ವೀಕರಿಸಿ’ ಅಥವಾ ‘ತಿರಸ್ಕರಿಸಿ’ ಒತ್ತಿ ಇತ್ಯರ್ಥ ಮಾಡಬೇಕು; ಒಮ್ಮೆ ಸ್ವೀಕರಿಸಿದ್ದನ್ನೂ ಆಮೇಲೆ ತಿರಸ್ಕರಿಸಬಹುದು. ನಾನೋ ಹೆಣ್ಣು ಕೊಟ್ಟವಳು. ಗಂಡಿನ ಕಡೆಯವರ ವಾಕ್ಯವನ್ನು ತಿರಸ್ಕರಿಸುವುದುಂಟೇ? ‘ಕರೆಂಟ್ ಹೋದಾಗ ಏನು ಮಾಡಬೇಕು’ ಎಂಬ ಪುಟಕ್ಕೆ ನಾನು ‘ಬ್ಯಾಟರಿ ಸ್ವಿಚ್ ಒತ್ತಿ’ ಎಂದು ಬರೆದೆ. ರಾಜಮ್ಮನವರು ‘ಒತ್ತುವ ಮುನ್ನ ಕೈ ಒದ್ದೆಯಿದ್ದರೆ ಒರೆಸಿಕೊಳ್ಳಿ’ ಎಂದು ಸೇರಿಸಿದರು. ಸ್ವೀಕರಿಸಿದೆ. ಸುಮ್ಮನಿದ್ದರೆ ಉದಾಸೀನ ಎಂದುಕೊಂಡಾರೆಂದು ‘ಒರೆಸಲು ಶುಭ್ರವಾದ ಬಟ್ಟೆಯನ್ನೇ ಬಳಸಿ’ ಎಂದೆ. ಅವರೂ ಸ್ವೀಕರಿಸಿ, ‘ಬದನವಾಳಿನ ಖಾದಿ ಟವೆಲ್ ಆದರೆ ಉತ್ತಮ’ ಎಂದರು. ಹೀಗೆ ಉಪಚಾರ ಬೆಳೆದು ಬೆಳೆದು, ನಾಲ್ಕು ಸಾಲಿನ ಪುಟ ಲಗ್ನಪತ್ರಿಕೆಗಿಂತ ಉದ್ದವಾಯಿತು. ಅಂಚೆಲ್ಲ ಕೆಂಪೋ ಕೆಂಪು.

ಕವಲಂದೆ ಕಡೆಯ ಡೈರಿಯೊಂದರ ಸಿದ್ದರಾಜು ನಮ್ಮ ಪುಟಗಳನ್ನು ಪರೀಕ್ಷಿಸುವವರು. ಒಂದು ದಿನ ಹಾಲು ಹಾಕಿಸಿಕೊಳ್ಳುವಾಗಲೇ ಕರೆಂಟ್ ಹೋಗಿ, ಮೊಬೈಲಿನಲ್ಲಿ ನಮ್ಮ ಪುಟ ತೆಗೆದರಂತೆ. ಸಂಜೆ ಫೋನ್ ಮಾಡಿದರು. “ಮೇಡಮ್ಮೋರೇ, ತಪ್ ತಿಳ್ಕೋಬ್ಯಾಡಿ. ನಿಮ್ ಪುಟ ಓದಿ ಮುಗ್ಸೋ ಒತ್ಗೆ ಕರೆಂಟೇ ವಾಪಸ್ ಬಂದ್ಬುಡ್ತು ಕಣ್ರೀ!”

ಅವಮಾನವಾಯಿತು. ಅದರ ಬೆನ್ನಿಗೇ ಕಾವ್ಯ, “ಮೇಡಂ, ನಾಳೆ ಸಂಜೆಯೊಳಗೆ ಹಸಿರು ಚುಕ್ಕೆ ಬರದಿದ್ರೆ ಹೊಸ ಆವೃತ್ತಿಯಲ್ಲಿ ಕನ್ನಡದ ಪುಟಗಳನ್ನೇ ಕೈಬಿಡ್ತಾರೆ” ಎಂದಳು. ಇಷ್ಟು ದಿನದ ಕೆಲಸ ನೀರಲ್ಲಿ ಹೋಮ! ಮೂಗಿನ ತುದಿಯ ಕೋಪ ನೆತ್ತಿಗೇರಿತು. ಬೀಗಸ್ತಿಕೆಯೂ ಬೇಡ, ಏನೂ ಬೇಡ ಎಂದು ತಿರಸ್ಕರಿಸಿ, ತಿರಸ್ಕರಿಸಿ, ತಿರಸ್ಕರಿಸಿ ಎಂದು ಒತ್ತುತ್ತಾ ಹೋದೆ. ಖಾದಿ ಟವೆಲೂ ಹಾರಿಹೋಯಿತು. ಆಮೇಲೆ ನೆನಪಾಯಿತು, ತಿರಸ್ಕರಿಸಿದ ಪ್ರತಿಯೊಂದಕ್ಕೂ ಬರೆದವರ ಮೊಬೈಲಿಗೆ ನನ್ನ ಹೆಸರು ಸಮೇತ ಸುದ್ದಿ ಹೋಗುತ್ತದೆ!

ಮಗಳ ಫೋನು ಬಂತು. “ಅಮ್ಮಾ, ಏನ್ ಮಾಡ್ದೆ? ಅತ್ತೆ ಮೊಬೈಲ್‌ನಲ್ಲಿ ನಿನ್ ಹೆಸ್ರು ಎಷ್ಟ್ ಸಲ ಬಂದಿದೆ ಅಂತ ಎಣಿಸ್ತಾ ಇದಾರೆ.” ನಾನು ಬಾಯಿಬಿಡುವ ಮೊದಲೇ ಫೋನು ರಾಜಮ್ಮನವರ ಕೈಗೆ ಹೋಗಿತ್ತು.

“ಏನ್ ಬೀಗ್ರೇ, ನಾನ್ ಬರ್ದಿದ್ದೆಲ್ಲಾನೂ ಕಿತ್ತಾಕ್ಬುಟ್ರಲ್ಲ?”

“ತಪ್ಪಾಯ್ತು ಬೀಗ್ರೇ, ಕೋಪದಲ್ಲಿ...”

“ತಪ್ಪೇನ್ ಬಂತು? ಸದ್ಯ, ಬದುಕ್ದೆ! ನೀವ್ ಬರ್ದಿರೋದನ್ನ ಕಿತ್ತಾಕ್ಬೇಕು ಅಂತ ಮೊದಲ್ನೇ ದಿನದಿಂದ್ಲೂ ನನ್ ಕೈ ತುರಿಸ್ತಿತ್ತು ಕಣ್ರೀ. ಹೆಣ್ ಕೊಟ್ಟೋರ ಮನ್ಸು ನೋಯಿಸ್ಬಾರ್ದು ಅಂತ ಹಲ್ ಕಚ್ಕೊಂಡ್ ಕೂತಿದ್ದೆ. ಈಗ ಸುರು ಮಾಡ್ಲಾ?”

ಮಾಡಿದರು ನೋಡಿ! ನನ್ನ ಶುಭ್ರವಾದ ಬಟ್ಟೆ ಮೊದಲ ಏಟಿಗೇ ಹೋಯಿತು. ನಾನು ಮೆಚ್ಚಿಕೊಂಡಿದ್ದ ಪೀಠಿಕೆ ಪೂರ್ತಿ ಹೋಯಿತು. ಒಂದೊಂದು ಹೋದಾಗಲೂ ಎದೆ ಚುರ್ ಎನ್ನುತ್ತಿತ್ತು, ಆದರೆ ಒಂದೊಂದು ಕೆಂಪು ಅಂಚೂ ಮಾಯವಾಗುತ್ತಿತ್ತು. ಮರುದಿನ ಮಧ್ಯಾಹ್ನ ಉಳಿದದ್ದಿಷ್ಟು: ‘ಬ್ಯಾಟರಿ ಸ್ವಿಚ್ ಒತ್ತಿ. ಪರದೆ ಬೆಳಗಿದ ಮೇಲೆ “ಮುಂದುವರಿಸಿ” ಗುಂಡಿ ಒತ್ತಿ. ಕೊನೆಯವರ ಚೀಟಿ ಬಂದಿದೆಯೇ ನೋಡಿ. ಬಂದಿಲ್ಲವಾದರೆ ಅವರದನ್ನು ಮಾತ್ರ ಮತ್ತೆ ಅಳೆಯಿರಿ.’ ತಲೆಯ ಮೇಲೆ ಹಸಿರು ಚುಕ್ಕೆ ಹೊಳೆಯಿತು. ನಾನು ಹಾಕಿದ ಕೂಗಿಗೆ ಎದುರುಮನೆಯವರು ಹಾವು ಬಂತೆಂದು ಕೋಲು ಹಿಡಿದು ಓಡಿಬಂದರು. ಕನ್ನಡದ ಪುಟಗಳು ಉಳಿದವು. ಮುಂದಿನ ಸಲ ಕರೆಂಟ್ ಹೋದಾಗ ಸಿದ್ದರಾಜು ಅವರ ಡೈರಿಯಲ್ಲಿ ಸಾಲು ನಿಂತವರಿಗೆ ಗೊಣಗಲೂ ಪುರಸೊತ್ತು ಸಿಗಲಿಲ್ಲವಂತೆ!

ಮೊನ್ನೆ ಮೊಮ್ಮಗಳ ನಾಮಕರಣಕ್ಕೆ ಬೀಗರೆಲ್ಲ ನಮ್ಮ ಮನೆಗೆ ಬಂದಿದ್ದರು. ಮದುವೆಯಾದಾಗಿನಿಂದ ನನ್ನ ಪಾಯಸವನ್ನು ‘ಅಮೃತ’ ಎಂದು ಹೊಗಳಿಕೊಂಡೇ ಬಂದಿದ್ದ ರಾಜಮ್ಮನವರು ಈ ಸಲ ಎಲೆಯ ಮೇಲಿನ ಪಾಯಸ ಬಾಯಿಗಿಟ್ಟು, ಪಂಕ್ತಿಗೆಲ್ಲ ಕೇಳುವ ಹಾಗೆ, “ಬೀಗ್ರೇ, ಬೆಲ್ಲ ಜಾಸ್ತಿ. ಯಾವಾಗ್ಲೂ ಜಾಸ್ತಿನೇ” ಎಂದರು. ಮಗಳ ಮುಖ ಬಿಳಚಿಕೊಂಡಿತು. ಮನೆಯವರು ನನ್ನ ಮೂಗಿನ ತುದಿಯನ್ನೇ ನೋಡುತ್ತಾ ನಿಂತರು. ನನಗೋ, ಈ ಮನೆತನಕ್ಕೆ ಹೆಣ್ಣು ಕೊಟ್ಟದ್ದು ಸಾರ್ಥಕವಾಯಿತು ಎನ್ನಿಸಿ ಕಣ್ಣು ತುಂಬಿ ಬಂತು. ಸೌಟನ್ನು ಎತ್ತಿ ಹಿಡಿದು ಘೋಷಿಸಿದೆ: “ಸ್ವೀಕರಿಸಿದೆ!”