ಒಂಬೈನೂರು ಗ್ರಾಂ ಗಾಳಿ

ಅಂಗಡಿಗಳ ತೂಕದ ಯಂತ್ರಗಳನ್ನು ರಿಪೇರಿ ಮಾಡುವ ಸಣ್ಣ ವರ್ಕ್‌ಶಾಪೊಂದರಲ್ಲಿ ಅವನಿಗೆ ಇಪ್ಪತ್ತಾರು ವರ್ಷದ ಸರ್ವೀಸು. ಜೊತೆಯವರು ಅವನನ್ನು ಗ್ರಾಮು ಎಂದು ಕರೆಯುತ್ತಿದ್ದರು. ಒಂದು ಗ್ರಾಂ ಹೆಚ್ಚುಕಡಿಮೆಯಾದರೂ ಊಟ ಬಿಟ್ಟು ಯಂತ್ರದ ಮುಂದೆ ಕೂರುವ ಆಸಾಮಿ ಎಂದು ಬಿದ್ದ ಹೆಸರು ಅದು.

ಗ್ರಾಮು ಹುಟ್ಟಾ ಪುಕ್ಕಲ. ಮನೆಗೆ ಬೀಗ ಹಾಕಿ ಮೂರು ಸಲ ಎಳೆದು ನೋಡುತ್ತಿದ್ದ. ಬೀದಿಯ ತಿರುವಿನವರೆಗೆ ಹೋದವನು ನಾಲ್ಕನೇ ಸಲ ಎಳೆಯಲು ವಾಪಸು ಬರುತ್ತಿದ್ದ. ಲಿಫ್ಟು ಹತ್ತುತ್ತಿರಲಿಲ್ಲ, ಗುಡುಗಿದರೆ ಮನೆಯ ಸ್ವಿಚ್ಚುಗಳನ್ನೆಲ್ಲ ಆರಿಸುತ್ತಿದ್ದ, ಹೊಸ ಮಾತ್ರೆ ನುಂಗುವ ಮುನ್ನ ಅದರ ಚೀಟಿಯನ್ನು ಕೊನೆಯ ಸಾಲಿನವರೆಗೂ ಓದಿ ಮಾತ್ರೆಯನ್ನೇ ಎಸೆದುಬಿಡುತ್ತಿದ್ದ. ಇಂಥವನು, ಹೆದರಲೇಬೇಕಾದ ಒಂದೇ ಒಂದು ವಸ್ತುವಿಗೆ ಹೆದರದೆ, ಅದನ್ನು ತಂದು ಹೆಂಡತಿಯ ತಲೆದಿಂಬಿನ ಪಕ್ಕದಲ್ಲೇ ಇಟ್ಟ.

ಮೀನಿನ ಹುಚ್ಚು ಹತ್ತಿ ಎರಡು ವರ್ಷವಾಗಿತ್ತು. ಒಳಕೋಣೆಯಲ್ಲಿ ಮೂರಡಿ ಉದ್ದದ ಗಾಜಿನ ತೊಟ್ಟಿ, ಅದರ ತುಂಬ ಜೀವಂತ ಗಿಡಗಳು, ಗಿಡಗಳ ಸಂದಿಯಲ್ಲಿ ಒಂದು ಜೋಡಿ ಕುಬ್ಜ ಸಿಕ್ಲಿಡ್ ಮೀನು. ಗಂಡು ಕಿರುಬೆರಳಿನಷ್ಟು ಉದ್ದ, ಹೆಣ್ಣು ಅದಕ್ಕಿಂತಲೂ ಚಿಕ್ಕದು. ಗಿಡಗಳು ಚೆನ್ನಾಗಿ ಬೆಳೆಯಬೇಕಾದರೆ ನೀರಿಗೆ ಇಂಗಾಲದ ಡೈಆಕ್ಸೈಡ್ ಬಿಡಬೇಕು. ಅದಕ್ಕೆಂದು ತೊಟ್ಟಿಯ ಪಕ್ಕದಲ್ಲಿ ಐದು ಕಿಲೋ ಅನಿಲ ಹಿಡಿಯುವ ಸಿಲಿಂಡರು. ಹಗಲಲ್ಲಿ ದೀಪ ಹತ್ತಿದೊಡನೆ ಅದರ ಕೊಳವೆಯಿಂದ ಸೆಕೆಂಡಿಗೊಂದು ಗುಳ್ಳೆ ನೀರಿಗೆ ಏಳುತ್ತಿತ್ತು. ಸಾಸಿವೆ ಗಾತ್ರದ ಆ ಗುಳ್ಳೆಗಳಿಗೆ ಯಾರು ತಾನೇ ಹೆದರುತ್ತಾರೆ?

ಹೆದರಿಕೆ ಇದ್ದದ್ದು ಹೆಣ್ಣುಮೀನಿನ ವಿಷಯದಲ್ಲಿ. ತೊಟ್ಟಿಯೊಳಗೆ ಮಗುಚಿಟ್ಟ ಪುಟ್ಟ ಮಣ್ಣಿನ ಕುಡಿಕೆಯ ಒಳಗೋಡೆಗೆ ಅದು ಮೊಟ್ಟೆ ಅಂಟಿಸುತ್ತಿತ್ತು. ಮೊಟ್ಟೆ ಇಟ್ಟ ಗಳಿಗೆಯಿಂದ ಮೈಯೆಲ್ಲ ಕಡು ಹಳದಿಯಾಗಿ, ಗಂಡನನ್ನೂ ಹತ್ತಿರ ಸೇರಿಸದೆ ಕಾವಲು ನಿಲ್ಲುತ್ತಿತ್ತು. ಆದರೆ ಒಂದು ಸದ್ದಾಗಲಿ, ಒಂದು ನೆರಳು ಹಾಯಲಿ, ಇನ್ನು ಇವುಗಳನ್ನು ಉಳಿಸಿಕೊಳ್ಳಲಾರೆ ಎಂದು ತೀರ್ಮಾನಿಸಿ ತನ್ನ ಮೊಟ್ಟೆಗಳನ್ನು ತಾನೇ ತಿಂದುಬಿಡುತ್ತಿತ್ತು. ಹೀಗೆ ಎರಡು ಸಲ ಆಗಿತ್ತು.

ಮೂರನೇ ಸಲ ಹೆಣ್ಣು ಹಳದಿಗೆ ತಿರುಗಿದ್ದನ್ನು ಕಂಡದ್ದು ಒಂದು ಗುರುವಾರ ಬೆಳಿಗ್ಗೆ, ಹೊಸದಾಗಿ ತುಂಬಿಸಿ ತಂದ ಸಿಲಿಂಡರಿಗೆ ಅವನು ಕೊಳವೆ ಜೋಡಿಸುತ್ತಿದ್ದಾಗ. ಜೋಡಿಸಿದ ಮೇಲೆ ಕೀಲಿಗೆ ಸೋಪಿನ ನೊರೆ ಹಚ್ಚಿ ನೋಡುವುದು ಅವನ ಪದ್ಧತಿ. ನೊರೆ ಉಬ್ಬಿದರೆ ಅನಿಲ ಸೋರುತ್ತಿದೆ ಎಂದು ಅರ್ಥ. ಅವತ್ತು ನೊರೆ ಹಚ್ಚಲು ಕೈ ಎತ್ತಿದವನು ಹಾಗೇ ನಿಂತ. ಕುಡಿಕೆಯ ಬಾಯಲ್ಲಿದ್ದ ಹೆಣ್ಣು ಅವನ ಕೈಯನ್ನೇ ನೋಡುತ್ತಿತ್ತು. ಗ್ರಾಮು ಉಸಿರು ಬಿಗಿಹಿಡಿದು, ಕೈ ಇಳಿಸಿ, ಹಿಂದುಹಿಂದಕ್ಕೆ ಹೆಜ್ಜೆಯಿಟ್ಟು ಹೊರಗೆ ಬಂದ.

ಆಮೇಲೆ ಒಂದರ ಹಿಂದೆ ಒಂದು ಏರ್ಪಾಡು. ಚಳಿಗಾಳಿಗೆ ನೀರು ತಣ್ಣಗಾಗಬಾರದೆಂದು ಕಿಟಕಿಯ ಸಂದಿಗಳಿಗೆಲ್ಲ ಟೇಪು ಅಂಟಿಸಿದ. ಕೋಣೆಯ ಬಾಗಿಲಿನ ಕೆಳಗೆ ಹಳೆಯ ಟವೆಲು ತುರುಕಿದ. ಕಾಲಿಂಗ್ ಬೆಲ್ಲಿನ ವೈರು ಕಿತ್ತ. ಕೆಳಗಿನ ಮನೆಯ ಯಜಮಾನಿ ಅಮ್ಮನಿಗೆ, ದಯವಿಟ್ಟು ಒಂದು ವಾರ ಬಾಗಿಲು ಬಡಿಯಬೇಡಿ ಎಂದು ಕೈಮುಗಿದು ಬಂದ. ಸಿಲಿಂಡರನ್ನು ಅವನು ಯಾವಾಗಲೂ ಒಂದು ತೂಕದ ಯಂತ್ರದ ಮೇಲೆಯೇ ನಿಲ್ಲಿಸುತ್ತಿದ್ದ, ಎಷ್ಟು ಖರ್ಚಾಯಿತು ಎಂದು ದಿನಾ ತಿಳಿಯಲಿಕ್ಕೆ. ಅದರ ಕೆಂಪು ಅಂಕಿಗಳು ಹೆಣ್ಣಿನ ಕಣ್ಣಿಗೆ ಚುಚ್ಚಬಾರದೆಂದು ಅದರ ಮೇಲೂ ಕಪ್ಪು ಬಟ್ಟೆ ಹೊದಿಸಿದ.

ಆ ಕೋಣೆಯಲ್ಲಿ ಮೀನುಗಳ ಜೊತೆ ಇನ್ನೊಂದು ಜೀವವೂ ಇತ್ತು. ಅವನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ತಿಂಗಳಿಡೀ ರಾತ್ರಿ ಪಾಳಿ. ಬೆಳಿಗ್ಗೆ ಎಂಟಕ್ಕೆ ಬಂದು, ಮುಖ ತೊಳೆದು, ಕಿವಿಗೆ ಹತ್ತಿ ಇಟ್ಟುಕೊಂಡು, ಬೀದಿಯ ಗದ್ದಲ ಕೇಳದ ಆ ಒಳಕೋಣೆಯಲ್ಲಿ ನೆಲದ ಹಾಸಿಗೆಯ ಮೇಲೆ ಸಂಜೆಯವರೆಗೆ ಮಲಗುತ್ತಿದ್ದಳು. ಮದುವೆಯಾದ ಹತ್ತೊಂಬತ್ತು ವರ್ಷದಲ್ಲಿ ಗ್ರಾಮುವಿನ ಹೆದರಿಕೆಗಳನ್ನೆಲ್ಲ ನಕ್ಕು ನುಂಗಿಕೊಂಡವಳು ಅವಳು.

"ರೀ, ಮೂರು ದಿನದಿಂದ ಎದ್ದ ತಕ್ಷಣ ತಲೆ ಸಿಡೀತಿದೆ," ಎಂದಿದ್ದಳು ಭಾನುವಾರ ಸಂಜೆ.

"ರಾತ್ರಿ ಪಾಳಿ ಅಲ್ವಾ, ಇನ್ನೇನಾಗುತ್ತೆ," ಎಂದಿದ್ದ ಗ್ರಾಮು. ಹೇಳುವಾಗ ಅವನ ಕಣ್ಣು ಕುಡಿಕೆಯ ಮೇಲಿತ್ತು. ಮೊಟ್ಟೆ ಒಡೆದು, ಬಾಲ ಅಲ್ಲಾಡಿಸುವ ಧೂಳಿನಂಥ ಮರಿಗಳು ಅವತ್ತು ತಾನೇ ಕಾಣಿಸಿಕೊಂಡಿದ್ದವು.

ಸೋಮವಾರ ಬೆಳಿಗ್ಗೆ, ಹೆಂಡತಿ ನಿದ್ದೆ ಹೋದ ಮೇಲೆ, ಅವನು ಬೆಕ್ಕಿನ ಹೆಜ್ಜೆಯಲ್ಲಿ ಒಳಗೆ ಹೋಗಿ ಕಪ್ಪು ಬಟ್ಟೆಯ ಅಂಚು ಎತ್ತಿ ನೋಡಿದ. ನಾಲ್ಕು ದಿನಕ್ಕೆ ಹೆಚ್ಚೆಂದರೆ ನಲವತ್ತು ಗ್ರಾಂ ಇಳಿಯಬೇಕಿತ್ತು. ಒಂಬೈನೂರು ಗ್ರಾಂ ಇಳಿದಿತ್ತು.

ಬೇರೆ ಯಾರಾದರೂ ಆಗಿದ್ದರೆ ಸಿಲಿಂಡರನ್ನು ಅನುಮಾನಿಸುತ್ತಿದ್ದರು. ಗ್ರಾಮು ತೂಕದ ಯಂತ್ರವನ್ನು ಅನುಮಾನಿಸಿದ. ಇಪ್ಪತ್ತಾರು ವರ್ಷ ಸುಳ್ಳು ಹೇಳುವ ಯಂತ್ರಗಳ ನಡುವೆಯೇ ಬದುಕಿದವನು. ಯಂತ್ರಗಳು ನೆಟ್ಟಗಿದ್ದಿದ್ದರೆ ಅವನ ಮನೆಯ ಒಲೆ ಉರಿಯುತ್ತಿರಲಿಲ್ಲ. ಸಾಲದ್ದಕ್ಕೆ ಸಿಲಿಂಡರಿನ ಮೀಟರಿನ ಮುಳ್ಳು ಮೊದಲಿದ್ದ ಜಾಗದಲ್ಲೇ ಇತ್ತು. ಒಳಗೆ ದ್ರವವಾಗಿರುವ ಅನಿಲ ಕೊನೆಯ ಹನಿಗೆ ಬರುವವರೆಗೂ ಆ ಮುಳ್ಳು ಇಳಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು, ಆದರೆ ಆ ಹೊತ್ತಿಗೆ ನೆನಪಾಗಲಿಲ್ಲ. ಸಿಲಿಂಡರನ್ನು ತಬ್ಬಿ ಎತ್ತಿ ನೆಲಕ್ಕಿಳಿಸಿದ. ಇಳಿಸುವಾಗ ಅದರ ಕತ್ತು ಗೋಡೆಗೆ ಸ್ವಲ್ಪ ತಗುಲಿತು. ಅವನು ಹಲ್ಲುಕಚ್ಚಿ ಹೆಣ್ಣುಮೀನಿನತ್ತ ನೋಡಿದ, ಅದು ಅಲುಗಲಿಲ್ಲ. ಸದ್ಯ ಬದುಕಿದೆ ಎಂದುಕೊಂಡು ಯಂತ್ರವನ್ನು ಕಂಕುಳಲ್ಲಿ ಇರುಕಿಕೊಂಡು, ಬಾಗಿಲು ಮುಚ್ಚಿ, ಹೊರಗಿನಿಂದ ಟವೆಲನ್ನು ಕಾಲಿನಿಂದ ಒತ್ತಿ ಕೆಲಸಕ್ಕೆ ಹೋದ.

ವರ್ಕ್‌ಶಾಪಿನಲ್ಲಿ ಹತ್ತೂವರೆಗೆ ಕೈ ಬಿಡುವಾಯಿತು. ಯಂತ್ರವನ್ನು ಮೇಜಿನ ಮೇಲಿಟ್ಟು ಹಿತ್ತಾಳೆಯ ಪ್ರಮಾಣದ ಬಟ್ಟುಗಳನ್ನು ಒಂದೊಂದಾಗಿ ಹೇರಿದ. ಒಂದು ಕಿಲೋ ಇಟ್ಟರೆ ಒಂದು ಕಿಲೋ. ಐದು ಇಟ್ಟರೆ ಐದು. ಹತ್ತು ಇಟ್ಟರೆ ಹತ್ತು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ತಾನೇ ಸರಿಮಾಡಿದ್ದ ಯಂತ್ರವೆಂದು ಅವನಿಗೆ ಒಂದು ಕ್ಷಣ ಹೆಮ್ಮೆಯೇ ಆಯಿತು. ಮರುಕ್ಷಣ ಬೆನ್ನಿನಲ್ಲಿ ಬೆವರಿಳಿಯಿತು.

"ಏನೋ ಗ್ರಾಮು," ಪಕ್ಕದ ಮೇಜಿನಿಂದ ಮೇಸ್ತ್ರಿ ಕೇಳಿದ. "ಯಂತ್ರ ಸರಿಯಿದೆ ತಾನೆ? ಮತ್ಯಾಕೆ ಹೆಣ ನೋಡ್ದೋನ ಹಾಗೆ ನಿಂತಿದೀಯ?"

"ಅಣ್ಣಾ, ಯಂತ್ರ ಸರಿಯಿದ್ರೆ ಗ್ಯಾಸು ಎಲ್ಲಿ ಹೋಯ್ತು?"

"ಯಾವ ಗ್ಯಾಸೋ?"

"ಮೀನಿನ ತೊಟ್ಟಿಗೆ ಬಿಡೋದು. ಒಂಬೈನೂರು ಗ್ರಾಂ. ಎಲ್ಲಿ ಹೋಯ್ತು?"

ಮೇಸ್ತ್ರಿ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. "ಸೋರಿರುತ್ತೆ. ಕೋಣೆ ಕಿಟಕಿ ತೆಗ್ದಿದೆ ತಾನೆ?"

ಟೇಪು, ಟವೆಲು, ತಾನು ಗೋಡೆಗೆ ತಗುಲಿಸಿ ಬಂದ ಸಿಲಿಂಡರಿನ ಕತ್ತು, ಎಲ್ಲ ಒಟ್ಟಿಗೆ ಗ್ರಾಮುವಿನ ಕಣ್ಣಿಗೆ ಬಂದವು. ಆ ಅನಿಲ ಗಾಳಿಗಿಂತ ಭಾರ, ನೆಲದಲ್ಲೇ ತುಂಬಿಕೊಂಡು ಉಸಿರು ಕಟ್ಟಿಸುತ್ತದೆ. ಅವಳು ಮಲಗಿರುವುದು ನೆಲದ ಮೇಲೆ.

ಹೆಂಡತಿಗೆ ಫೋನು ಮಾಡಿದ. ಮಲಗುವಾಗ ಅವಳು ಫೋನು ಆರಿಸಿರುತ್ತಾಳೆ, ಅದು ಗೊತ್ತಿದ್ದೂ ಮೂರು ಸಲ ಮಾಡಿದ. ಆಮೇಲೆ ಯಜಮಾನಿ ಅಮ್ಮನಿಗೆ ಮಾಡಿದ.

"ಅಮ್ಮಾ, ಮೇಲೆ ಹೋಗಿ ಅವಳನ್ನ ಎಬ್ಬಿಸಿ. ಬೇಗ ಹೋಗಿ."

"ಬಾಗಿಲು ಬಡೀಬೇಡಿ ಅಂತ ನೀನೇ ಹೇಳಿದ್ಯಲ್ಲಪ್ಪ."

"ಬಡೀರಿ! ಒಡೀರಿ ಬೇಕಾದ್ರೆ!"

ಮೇಸ್ತ್ರಿ ಆಗಲೇ ಸ್ಕೂಟರು ಚಾಲೂ ಮಾಡಿದ್ದ. ವೇಗ ಎಂದರೆ ಹೆದರಿ ಸಾಯುವ ಗ್ರಾಮು, ಹಿಂದೆ ಕೂತು, "ಇನ್ನೂ ಜೋರಾಗಿ ಹೋಗಣ್ಣ, ಇನ್ನೂ ಜೋರಾಗಿ," ಎನ್ನುತ್ತಿದ್ದ. ಕೆಂಪು ದೀಪಕ್ಕೆ ನಿಂತಾಗ ಫೋನು ಬಂತು. ಯಜಮಾನಿ ಅಮ್ಮ ಏದುಸಿರು ಬಿಡುತ್ತಿದ್ದರು.

"ಬೆಲ್ಲು ಒತ್ತಿದೆ, ಸದ್ದೇ ಇಲ್ಲ. ಬಾಗಿಲೂ ಬಡಿದೆ. ಒಳಗಿಂದ ಉಸಿರೂ ಕೇಳಿಸ್ತಿಲ್ವಲ್ಲೋ ಮಾರಾಯ."

ಇಷ್ಟು ವರ್ಷ ಲಿಫ್ಟಿಗೆ, ಗುಡುಗಿಗೆ, ಮಾತ್ರೆಗೆ ಪಟ್ಟ ಭಯವೆಲ್ಲ ಅವನಿಗೆ ಬರೀ ಆಟ ಎನ್ನಿಸಿತು. ನಿಜವಾದ ಭಯದಲ್ಲಿ ಮೈ ನಡುಗುವುದೂ ಇಲ್ಲ, ಕಲ್ಲಾಗುತ್ತದೆ. ತಲೆ ಸಿಡಿಯುತ್ತಿದೆ ಎಂದು ಅವಳು ಬಾಯಿಬಿಟ್ಟು ಹೇಳಿದ್ದಳು, ತಾನು ಮರಿ ಎಣಿಸುತ್ತಿದ್ದೆ ಎಂಬುದೊಂದೇ ತಲೆಯೊಳಗೆ ಸುತ್ತುತ್ತಿತ್ತು. ಅವಳೊಬ್ಬಳು ಉಳಿದರೆ ಸಾಕು, ತೊಟ್ಟಿಯನ್ನು ಇವತ್ತೇ ಬೀದಿಗೆಸೆಯುತ್ತೇನೆ ಎಂದು ಮನಸ್ಸಿನಲ್ಲೇ ಯಾರ ಯಾರ ಕಾಲನ್ನೋ ಹಿಡಿದ.

ಮೆಟ್ಟಿಲನ್ನು ಎರಡೆರಡಾಗಿ ಹಾರಿ ಹತ್ತಿದ. ಯಜಮಾನಿ ಅಮ್ಮ ಗೋಡೆಗೆ ಒರಗಿ ನಿಂತಿದ್ದರು. ಬೀಗ ತೆಗೆದ. ಹೊರಬಾಗಿಲು ತೆರೆಯಿತು. ನಡುಮನೆ ದಾಟಿ, ಟವೆಲನ್ನು ಒದ್ದು, ಒಳಕೋಣೆಯ ಬಾಗಿಲನ್ನು ಭುಜಕೊಟ್ಟು ತಳ್ಳಿದ.

ಎಂದಿನ ಹಾಗೆ ದೀಪ ಉರಿಯುತ್ತಿತ್ತು. ತೊಟ್ಟಿಯಲ್ಲಿ ಗಿಡಗಳು ಹಸಿರಾಗಿ ನಿಂತಿದ್ದವು. ಕುಡಿಕೆಯ ಮುಂದೆ ಹಳದಿ ಹೆಣ್ಣು, ಅದರ ಹೊಟ್ಟೆಯ ಕೆಳಗೆ ಮರಿಗಳ ಸಣ್ಣ ಮೋಡ. ಇಪ್ಪತ್ತು, ಮೂವತ್ತು, ಎಲ್ಲವೂ ಇವೆ.

"ಬದುಕಿವೆ," ಎಂದಿತು ಒಂದು ದನಿ. "ನಾನೂ ಬದುಕಿದೀನಿ."

ಅವನು ತಿರುಗಿದ. ಹೆಂಡತಿ ಕಿಟಕಿಯ ಕೆಳಗೆ ಮೊಣಕಾಲೂರಿ, ಗಲ್ಲವನ್ನು ಕಿಟಕಿಯ ಚೌಕಟ್ಟಿನ ಮೇಲಿಟ್ಟು ಕೂತಿದ್ದಳು. ಮುಖ ಬಿಳಿಚಿತ್ತು, ತುಟಿ ನೀಲಿಗಟ್ಟಿತ್ತು, ಟೇಪು ಕಿತ್ತ ಉಗುರುಗಳಲ್ಲಿ ರಕ್ತವಿತ್ತು. ಬಡಿದ ಸದ್ದಿಗೆ ಎಚ್ಚರವಾಗಿತ್ತಂತೆ. ಬಾಗಿಲವರೆಗೆ ಹೋಗಲು ಕಾಲು ಬರಲಿಲ್ಲ, ನರ್ಸಾದ್ದರಿಂದ ಏನಾಗುತ್ತಿದೆ ಎಂದು ಗೊತ್ತಾಗಿ ತೆವಳಿ ಹೋಗಿ ಕಿಟಕಿ ತೆರೆದಿದ್ದಳು. ಇದೆಲ್ಲ ಅವಳು ಹೇಳಿದ್ದು ಆಮೇಲೆ, ಮೇಸ್ತ್ರಿ ಸಿಲಿಂಡರನ್ನು ಹೊರಗೆ ಹೊತ್ತೊಯ್ದು, ಯಜಮಾನಿ ಅಮ್ಮ ಅವಳಿಗೆ ನೀರು ಕುಡಿಸಿದ ಮೇಲೆ. ಹೇಳಿದ್ದು ಅವರಿಬ್ಬರಿಗೆ.

ಗ್ರಾಮು ಅವಳ ಪಕ್ಕ ಕುಸಿದು ಕೂತು ಕೈ ಹಿಡಿದುಕೊಂಡ. ಅವಳು ಕೈ ಕೊಸರಲಿಲ್ಲ, ಅವನ ಕೈಯನ್ನು ಹಿಡಿಯಲೂ ಇಲ್ಲ. ನಿನಗೋಸ್ಕರ ಓಡಿ ಬಂದೆ, ದಾರಿಯುದ್ದಕ್ಕೂ ನಿನ್ನದೊಂದೇ ಯೋಚನೆ ಎಂದು ಹೇಳಬೇಕಿತ್ತು. ಅದು ಅಕ್ಷರಶಃ ನಿಜವೂ ಆಗಿತ್ತು. ಆದರೆ ಬಾಗಿಲು ತೆರೆದ ಗಂಡ ಮೊದಲು ಎತ್ತ ನೋಡಿದ ಎಂಬುದನ್ನು ಅವಳು ಕಣ್ಣಾರೆ ಕಂಡಿದ್ದಳು. ಹೇಳಿದರೆ ನಂಬುತ್ತಾಳೋ ಇಲ್ಲವೋ ಎಂದು ಅವನಿಗೆ ಹೆದರಿಕೆಯಾಯಿತು, ಅವನು ಹೇಳಲೇ ಇಲ್ಲ.